ಒಂದೇ ಪಾಠ, ಹಲವು ಹಂತದ ಮಕ್ಕಳು: ಗಣಿತ ತರಗತಿಗೆ ಚಟುವಟಿಕೆ ರೂಪಿಸುವುದು ಹೇಗೆ?

ಪ್ರೌಢಶಾಲೆಯ ಗಣಿತ ತರಗತಿಯಲ್ಲಿ ಬೀಜಗಣಿತದ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬರೆದ ಎರಡು ನಿಮಿಷದಲ್ಲೇ ಕೆಲವು ಮಕ್ಕಳು ಉತ್ತರ ಬರೆದು ಪೆನ್ನು ಕೆಳಗಿಟ್ಟಿರುತ್ತಾರೆ, ಕೆಲವರು ಅರ್ಧ ದಾರಿಗೆ ಬಂದು ಋಣ ಚಿಹ್ನೆಯ ಮುಂದೆ ತಡವರಿಸುತ್ತಿರುತ್ತಾರೆ, ಮತ್ತೆ ಕೆಲವರು ಪ್ರಶ್ನೆಯನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿಕೊಂಡು ಶಿಕ್ಷಕರು ಉತ್ತರ ಬರೆಯುವುದನ್ನೇ ಕಾಯುತ್ತಿರುತ್ತಾರೆ. ಈ ಮೂವರಿಗೂ ಒಂದೇ ವೇಗದಲ್ಲಿ ಒಂದೇ ಬಗೆಯ ಲೆಕ್ಕಗಳನ್ನು ಕೊಡುತ್ತಾ ಹೋದರೆ ಕೆಲವರಿಗೆ ಬೇಸರ ಹುಟ್ಟುತ್ತದೆ, ಕೆಲವರಿಗೆ ಗಣಿತವೆಂದರೆ ಭಯ ಹುಟ್ಟುತ್ತದೆ. ಹಾಗೆಂದು ಮಕ್ಕಳನ್ನು ಮೂರು ಗುಂಪು ಮಾಡಿ ಮೂರು ಬೇರೆ ಬೇರೆ ಪಾಠ ಮಾಡಲು ಹೊರಟರೆ ಶಿಕ್ಷಕರು ದಣಿಯುತ್ತಾರೆ; ಸುಲಭದ ಗುಂಪಿಗೆ ಸೇರಿದ ಮಗು ವರ್ಷವಿಡೀ ಸುಲಭದ ಲೆಕ್ಕಗಳನ್ನೇ ಮಾಡುತ್ತಾ ಉಳಿದವರಿಂದ ಇನ್ನಷ್ಟು ದೂರವಾಗುತ್ತದೆ. ಆದ್ದರಿಂದ ಇಡೀ ತರಗತಿಗೆ ಕಲಿಕೆಯ ಗುರಿ ಒಂದೇ ಇರಬೇಕು. ಮಗು ಎಲ್ಲಿಂದ ಹೊರಡುತ್ತದೆ, ದಾರಿಯಲ್ಲಿ ಅದಕ್ಕೆ ಎಷ್ಟು ನೆರವು ಸಿಗುತ್ತದೆ ಎಂಬುದು ಮಾತ್ರ ಬದಲಾಗಬೇಕು.

ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ ಅಮೆರಿಕದ ಶಿಕ್ಷಣತಜ್ಞೆ ಕರೋಲ್ ಆ್ಯನ್ ಟಾಮ್ಲಿನ್ಸನ್ ಅವರು ಶಿಕ್ಷಕರು ಕಲಿಸುವ ವಿಷಯವನ್ನು, ಕಲಿಯುವ ಪ್ರಕ್ರಿಯೆಯನ್ನು ಮತ್ತು ಕಲಿತದ್ದನ್ನು ತೋರಿಸುವ ಬಗೆಯನ್ನು ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಬಹುದು ಎನ್ನುತ್ತಾರೆ. ಗಣಿತದ ಮಟ್ಟಿಗೆ ಹೆಚ್ಚು ಫಲ ಕೊಡುವುದು ಎರಡನೆಯದು, ಅಂದರೆ ಪ್ರಕ್ರಿಯೆ. ಅದನ್ನು ಹೇಗೆ ಮಾಡುವುದೆಂದು ನಿತ್ಯಸಮೀಕರಣಗಳ (ಅಕ್ಷರಕ್ಕೆ ಯಾವ ಬೆಲೆ ಕೊಟ್ಟರೂ ಸರಿಯಾಗಿಯೇ ಇರುವ ಸಮೀಕರಣಗಳ) ಅಧ್ಯಾಯವನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಮೊದಲು ಗುರಿ, ಆಮೇಲೆ ಚಟುವಟಿಕೆ

ಅಧ್ಯಾಯ ಆರಂಭಿಸುವ ಮುನ್ನ ಗುರಿಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಎರಡು ಪದಗಳ ಮೊತ್ತದ ವರ್ಗವು ಆ ಪದಗಳ ವರ್ಗಗಳ ಮೊತ್ತಕ್ಕೆ ಏಕೆ ಸಮನಲ್ಲ ಎಂಬುದನ್ನು ಪ್ರತಿ ಮಗುವೂ ಕಾರಣಸಹಿತ ವಿವರಿಸಬೇಕು’ ಎಂಬುದು ಅಂಥದೊಂದು ಗುರಿ. ‘ಸೂತ್ರ ಬಳಸಿ ಲೆಕ್ಕ ಬಿಡಿಸುವುದು’ ಎಂದು ಬರೆದುಕೊಂಡರೆ ಅದು ಸಾಲದು, ಏಕೆಂದರೆ ಸೂತ್ರವನ್ನು ಬಾಯಿಪಾಠ ಮಾಡಿದ ಮಗುವೂ ಅರ್ಥ ಮಾಡಿಕೊಂಡ ಮಗುವೂ ಅಲ್ಲಿ ಒಂದೇ ರೀತಿ ಕಾಣುತ್ತಾರೆ.

ಅಂಕ ಎಣಿಸಬೇಡಿ, ತಪ್ಪನ್ನು ಓದಿ

ಎರಡನೆಯ ಹೆಜ್ಜೆ ಹತ್ತು ನಿಮಿಷದ ಕಿರುಪರೀಕ್ಷೆ. ಇದಕ್ಕೆ ಅಂಕ ಕೊಡುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮೂರು ಪ್ರಶ್ನೆ ಸಾಕು: 3(ಎ + 4) ಅನ್ನು ವಿಸ್ತರಿಸಿ; ಎ = 2 ಆದಾಗ (ಎ + 3)² ಇದರ ಬೆಲೆ ಎಷ್ಟು; (ಎ + 3)² ಅನ್ನು ವಿಸ್ತರಿಸಿ.

ಉತ್ತರಗಳು ಬಂದ ಮೇಲೆ ಸರಿ, ತಪ್ಪು ಎಂದು ಎರಡು ರಾಶಿ ಮಾಡಿ ಸುಮ್ಮನಾಗುವುದು ಸಾಮಾನ್ಯ ರೂಢಿ. ಆದರೆ ಈ ಹೆಜ್ಜೆಯ ಸತ್ವವೆಲ್ಲ ತಪ್ಪುಗಳ ಒಳಗಿದೆ. ಮೂರನೆಯ ಪ್ರಶ್ನೆಗೆ ಎ² + 9 ಎಂದು ಬರೆದ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಒಬ್ಬಳು (3ಎ)² = 9ಎ² ಎಂಬ ನಿಯಮವನ್ನು ಸರಿಯಾಗಿಯೇ ಕಲಿತಿದ್ದು, ಗುಣಾಕಾರಕ್ಕೆ ಸಲ್ಲುವ ಆ ನಿಯಮವನ್ನು ಸಂಕಲನಕ್ಕೂ ಹೊಂದಿಸಿದ್ದಾಳೆ. ಇನ್ನೊಬ್ಬ (ಎ + 3)(ಎ + 3) ಎಂದು ಬಿಡಿಸಿ ಬರೆದಿದ್ದರೂ ಮೊದಲ ಪದವನ್ನು ಮೊದಲ ಪದದಿಂದ, ಕೊನೆಯ ಪದವನ್ನು ಕೊನೆಯ ಪದದಿಂದ ಮಾತ್ರ ಗುಣಿಸಿ ನಿಲ್ಲಿಸಿದ್ದಾನೆ. ಉತ್ತರ ಒಂದೇ ಆದರೂ ಬೇಕಾದ ನೆರವು ಬೇರೆ. ಮೊದಲನೆಯವಳಿಗೆ ಎ ಜಾಗದಲ್ಲಿ 2 ಇಟ್ಟು ನೋಡು ಎಂದರೆ ಒಂದು ಕಡೆ 25, ಇನ್ನೊಂದು ಕಡೆ 13 ಬರುವುದನ್ನು ಕಂಡು ತಾನೇ ನಿಯಮವನ್ನು ಸಂಶಯಿಸುತ್ತಾಳೆ. ಎರಡನೆಯವನಿಗೆ ಬಿಟ್ಟುಹೋದ ಎರಡು ಗುಣಲಬ್ಧಗಳು ಕಣ್ಣಿಗೆ ಕಾಣುವಂಥ ಚಿತ್ರ ಬೇಕು. 2ಎ + 6 ಎಂದು ಬರೆದವರಿದ್ದರೆ ಅವರಿಗೆ ವರ್ಗವೆಂದರೆ ಎರಡರಿಂದ ಗುಣಿಸುವುದು ಎಂಬ ಭಾವನೆಯಿದೆ. ಅವರ ಜೊತೆ 5² ಎಂದರೇನು ಎಂಬಲ್ಲಿಂದಲೇ ಆರಂಭಿಸಬೇಕು. ಇನ್ನು ಮೊದಲ ಪ್ರಶ್ನೆಗೆ 3ಎ + 4 ಎಂದು ಬರೆದವರಿಗೆ ಆವರಣದ ಹೊರಗಿನ ಸಂಖ್ಯೆ ಒಳಗಿನ ಪ್ರತಿ ಪದಕ್ಕೂ ಸೇರಿದ್ದು ಎಂಬುದೇ ಮನದಟ್ಟಾಗಿಲ್ಲ.

ಇಷ್ಟು ತಿಳಿದರೆ ಗುಂಪು ಮಾಡುವ ಕೆಲಸ ತಾನಾಗಿಯೇ ಆಗುತ್ತದೆ. ಜಾಣರು, ದಡ್ಡರು ಎಂಬ ವಿಂಗಡಣೆ ಇಲ್ಲಿ ಬೇಕಿಲ್ಲ. ಒಂದೇ ಬಗೆಯ ತೊಡಕಿರುವವರು ಆ ದಿನದ ಮಟ್ಟಿಗೆ ಒಟ್ಟಿಗೆ ಕೂರುತ್ತಾರೆ, ಅಷ್ಟೇ. ಬೀಜಗಣಿತದಲ್ಲಿ ಹಿಂದೆ ಬಿದ್ದ ಮಗು ರೇಖಾಗಣಿತದಲ್ಲಿ ಎಲ್ಲರಿಗಿಂತ ಮುಂದಿರಬಹುದಾದ್ದರಿಂದ ಯಾವ ಗುಂಪೂ ಒಂದು ಅಧ್ಯಾಯಕ್ಕಿಂತ ಹೆಚ್ಚು ಕಾಲ ಕಾಯಂ ಆಗಿ ಉಳಿಯಬಾರದು.

ಹಾಳೆ, ಚಿತ್ರ, ಸಂಕೇತ

ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಕಲಿಕೆಯ ಮೂರು ಬಗೆಗಳನ್ನು ಗುರುತಿಸಿದರು: ಕೈಯಿಂದ ಮಾಡಿ ತಿಳಿಯುವುದು, ಚಿತ್ರದಿಂದ ತಿಳಿಯುವುದು, ಸಂಕೇತಗಳಿಂದ ತಿಳಿಯುವುದು. ನಿತ್ಯಸಮೀಕರಣಕ್ಕೆ ಇದು ಹೇಳಿಮಾಡಿಸಿದಂತೆ ಹೊಂದುತ್ತದೆ. (ಎ + 3) ಬಾಹುವಿನ ಚೌಕಾಕಾರದ ಹಾಳೆಯನ್ನು ನಾಲ್ಕು ತುಂಡು ಮಾಡಿದಾಗ ಒಂದು ದೊಡ್ಡ ಚೌಕ, ಒಂದು ಚಿಕ್ಕ ಚೌಕ, ಎರಡು ಸಮನಾದ ಆಯತಗಳು ಸಿಗುತ್ತವೆ. ಆ ಎರಡು ಆಯತಗಳೇ 6ಎ. ಎ² + 9 ಎಂದು ಬರೆದ ಮಗುವಿಗೆ ‘ನಿನ್ನ ಉತ್ತರದಲ್ಲಿ ಯಾವ ತುಂಡುಗಳಿಲ್ಲ?’ ಎಂದು ಕೇಳಿದರೆ ಸಾಕು. ಹಾಳೆ ಕತ್ತರಿಸುವಾಗ ಒಂದು ಎಚ್ಚರ ಬೇಕು: ಎ ಉದ್ದವು 3ರ ಎರಡರಷ್ಟೋ ಮೂರರಷ್ಟೋ ಆಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮಕ್ಕಳು ಅಳೆದು ನೋಡಿ ಎ ಎಂದರೆ 6 ಎಂದು ತೀರ್ಮಾನಿಸಿಬಿಡುತ್ತಾರೆ.

ಹಾಳೆ ಮತ್ತು ಚಿತ್ರ ಹಿಂದುಳಿದವರಿಗೆ ಮಾತ್ರ ಎಂಬ ಭಾವನೆ ಅನೇಕ ಶಿಕ್ಷಕರಲ್ಲಿದೆ. ಅದು ಸರಿಯಲ್ಲ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ಇದೇ ಸಂಗತಿಯನ್ನು ಚೌಕ ಮತ್ತು ಆಯತಗಳ ಮೂಲಕವೇ ಸಾಧಿಸಿದ್ದ. ಅಕ್ಷರಗಳಿಂದ ಬರೆಯುವ ಬೀಜಗಣಿತದ ಸಂಕೇತಗಳು ಆಗ ಇರಲೇ ಇಲ್ಲ. ಸೂತ್ರ ಚೆನ್ನಾಗಿ ಬಲ್ಲ ಮಕ್ಕಳಿಗೆ (ಎ − ಬಿ)² ಇದರ ಚಿತ್ರ ಬರೆಯಲು ಹೇಳಿ ನೋಡಿ. ದೊಡ್ಡ ಚೌಕದಿಂದ ಎರಡು ಆಯತಗಳನ್ನು ಕಳೆಯುವಾಗ ಮೂಲೆಯ ಚಿಕ್ಕ ಚೌಕ ಎರಡು ಸಲ ಕಳೆದುಹೋಗುತ್ತದೆ, ಆದ್ದರಿಂದ ಬಿ² ಅನ್ನು ಮತ್ತೆ ಕೂಡಿಸಬೇಕಾಗುತ್ತದೆ ಎಂಬುದನ್ನು ಕಂಡುಕೊಳ್ಳಲು ಅವರಿಗೂ ಸಾಕಷ್ಟು ಹೊತ್ತು ಹಿಡಿಯುತ್ತದೆ.

ಎಲ್ಲರೂ ಆರಂಭಿಸಬಲ್ಲ ಒಂದು ಪ್ರಶ್ನೆ

ತರಗತಿಗೆಲ್ಲ ಒಂದೇ ಪ್ರಶ್ನೆ ಕೊಟ್ಟೂ ಪ್ರತಿಯೊಬ್ಬರಿಗೂ ಅವರವರ ಮಟ್ಟದ ಕೆಲಸ ಸಿಗುವಂತೆ ಮಾಡಬಹುದು. ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪಾಪರ್ಟ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಮಾತೊಂದಿದೆ: ನೆಲ ತಗ್ಗಿನಲ್ಲಿರಬೇಕು, ಚಾವಣಿ ಎತ್ತರದಲ್ಲಿರಬೇಕು. ಒಳಗೆ ಬರಲು ಯಾರಿಗೂ ಕಷ್ಟವಾಗಬಾರದು, ಬಂದವರು ಎಷ್ಟು ಎತ್ತರಕ್ಕಾದರೂ ಬೆಳೆಯುವಂತಿರಬೇಕು ಎಂಬುದು ಅದರ ಆಶಯ.

ಇದಕ್ಕೊಂದು ಉದಾಹರಣೆ: ‘ಸುತ್ತಳತೆ 24 ಸೆಂ.ಮೀ. ಇರುವ ಆಯತಗಳನ್ನು ಬರೆಯಿರಿ. ಯಾವುದರ ವಿಸ್ತೀರ್ಣ ಅತಿ ಹೆಚ್ಚು? ಏಕೆ?’

ಚೌಕುಳಿ ಹಾಳೆಯ ಮೇಲೆ ಆಯತ ಬರೆಯುವುದು ಎಲ್ಲರಿಗೂ ಸಾಧ್ಯ. ಬಾಹುಗಳು ಪೂರ್ಣಸಂಖ್ಯೆಗಳಾಗಿದ್ದರೆ 11 × 1ರಿಂದ 6 × 6ರವರೆಗೆ ಆರು ಆಯತಗಳು ಸಿಗುತ್ತವೆ, ಅವುಗಳ ವಿಸ್ತೀರ್ಣ ಕ್ರಮವಾಗಿ 11, 20, 27, 32, 35 ಮತ್ತು 36. (6 × 6 ಚೌಕವಲ್ಲವೇ, ಅದು ಹೇಗೆ ಆಯತವಾಗುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಚರ್ಚೆಗೆ ಎರಡು ನಿಮಿಷ ಕೊಡಿ.) ಕೆಲವರು ಇಲ್ಲಿಗೆ ನಿಲ್ಲುತ್ತಾರೆ. ಅವರಿಗೆ ‘ಪ್ರತಿ ವಿಸ್ತೀರ್ಣವೂ 36ಕ್ಕಿಂತ ಎಷ್ಟು ಕಡಿಮೆ?’ ಎಂದು ಮಾತ್ರ ಕೇಳಿ. 25, 16, 9, 4, 1, 0 ಎಂದು ಬರೆದ ಕೂಡಲೇ, ಎಲ್ಲವೂ ವರ್ಗಸಂಖ್ಯೆಗಳೆಂಬುದು ಹಿಂದಿನ ಬೆಂಚಿನ ಮಗುವಿಗೂ ಹೊಳೆಯುತ್ತದೆ. ಮುಂದೆ ಹೋದವರಿಗೆ ‘ಬಾಹು 6.5 ಮತ್ತು 5.5 ಆದರೆ?’ ಎಂಬ ಪ್ರಶ್ನೆ ಹಾಕಿ. ವಿಸ್ತೀರ್ಣ 35.75, ಅಂದರೆ 36ಕ್ಕಿಂತ 0.25 ಕಡಿಮೆ, ಅದು 0.5ರ ವರ್ಗ. ಇಷ್ಟಾದ ಮೇಲೆ ಬಾಹುಗಳನ್ನು (6 + ಎ) ಮತ್ತು (6 − ಎ) ಎಂದು ಬರೆದು ವಿಸ್ತೀರ್ಣ 36 − ಎ² ಎಂದು ತೋರಿಸುವವರು ತರಗತಿಯಲ್ಲಿ ಕೆಲವರಾದರೂ ಇರುತ್ತಾರೆ. ವರ್ಗಗಳ ವ್ಯತ್ಯಾಸದ ನಿತ್ಯಸಮೀಕರಣ ಮಕ್ಕಳ ಕೈಯಿಂದಲೇ ಮೂಡಿದಂತಾಯಿತು, ಚೌಕದ ವಿಸ್ತೀರ್ಣ ಏಕೆ ಅತಿ ಹೆಚ್ಚು ಎಂಬುದಕ್ಕೆ ಸಾಧನೆಯೂ ದೊರೆಯಿತು.

ಆಗ ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಾ ಯಾರ ಕೆಲಸವನ್ನು ಯಾವ ಕ್ರಮದಲ್ಲಿ ಬೋರ್ಡಿಗೆ ತರಬೇಕೆಂದು ಗುರುತು ಮಾಡಿಕೊಳ್ಳಬೇಕು. ಮೊದಲು ಚಿತ್ರ ಬರೆದ ಮಗು, ಆಮೇಲೆ ಪಟ್ಟಿ ಮಾಡಿದ ಮಗು, ನಂತರ ವ್ಯತ್ಯಾಸ ಗಮನಿಸಿದ ಮಗು, ಕೊನೆಗೆ ಸಂಕೇತ ಬಳಸಿದ ಮಗು. ಸಂಕೇತದ ಉತ್ತರವನ್ನು ಮೊದಲೇ ಬೋರ್ಡಿಗೆ ತಂದರೆ ಉಳಿದವರ ಕೆಲಸಕ್ಕೆ ಬೆಲೆಯಿಲ್ಲದಂತಾಗುತ್ತದೆ.

ಸುಳಿವಿನ ಚೀಟಿಗಳು

ಮಗು ಒಬ್ಬಂಟಿಯಾಗಿ ಮಾಡಲಾರದ, ಆದರೆ ಸ್ವಲ್ಪ ನೆರವಿನಿಂದ ಮಾಡಬಲ್ಲ ಕೆಲಸವೇ ಕಲಿಕೆಗೆ ಅತ್ಯಂತ ಸೂಕ್ತ ಎಂಬ ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ ಅವರ ವಿಚಾರ ತರಗತಿಯಲ್ಲಿ ಕಾರ್ಯರೂಪಕ್ಕೆ ಬರುವುದು ಇಂಥ ಚೀಟಿಗಳ ಮೂಲಕ. ಮೂರು ಲಕೋಟೆಗಳನ್ನು ಮೇಜಿನ ಮೇಲಿಡಿ. ಮೊದಲನೆಯದರಲ್ಲಿ ಒಂದು ಪ್ರಶ್ನೆ ಮಾತ್ರ: ‘ಉದ್ದ ಮತ್ತು ಅಗಲ ಸೇರಿ ಎಷ್ಟಾಗಬೇಕು?’ ಎರಡನೆಯದರಲ್ಲಿ ಅರ್ಧ ತುಂಬಿದ ಕೋಷ್ಟಕ. ಮೂರನೆಯದರಲ್ಲಿ ಸುತ್ತಳತೆ 20 ಸೆಂ.ಮೀ. ಇರುವಾಗ ಲೆಕ್ಕ ಹೇಗೆ ಸಾಗುತ್ತದೆ ಎಂಬ ಪೂರ್ತಿ ಮಾದರಿ. ಐದು ನಿಮಿಷ ಸ್ವಂತವಾಗಿ ಪ್ರಯತ್ನಿಸಿದ ಮೇಲೆ ಬೇಕಾದವರು ಬಂದು ಕ್ರಮವಾಗಿ ತೆಗೆದುಕೊಳ್ಳಲಿ, ಯಾವ ಚೀಟಿ ಬಳಸಿದೆನೆಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಲಿ. ಮಾಡಬೇಕಾದ ಲೆಕ್ಕದ ಉತ್ತರ ಮಾತ್ರ ಯಾವ ಚೀಟಿಯಲ್ಲೂ ಇರಕೂಡದು. ಹಿಂದಿನ ವಾರ ಮೂರನೆಯ ಚೀಟಿ ಬಳಸಿದ ಮಗು ಈ ವಾರ ಒಂದನೆಯದರಲ್ಲೇ ಮುಗಿಸಿದ್ದರೆ, ಅಂಕಪಟ್ಟಿಯಲ್ಲಿ ಕಾಣದ ಆ ಪ್ರಗತಿ ನೋಟ್‌ಬುಕ್ಕಿನ ಅಂಚಿನಲ್ಲಿ ಕಾಣುತ್ತದೆ.

ಬೇಗ ಮುಗಿಸಿದವರಿಗೆ ಏನು?

ಇನ್ನೂ ಹತ್ತು ಲೆಕ್ಕ ಕೊಡುವುದು ಉತ್ತರವಲ್ಲ. ಬೇಗ ಮಾಡಿದ್ದಕ್ಕೆ ಅದು ಶಿಕ್ಷೆಯಾಗುತ್ತದೆ. ಪ್ರತಿ ಸಲವೂ ಅವರನ್ನು ಬೇರೆಯವರಿಗೆ ಹೇಳಿಕೊಡಲು ಕಳಿಸುವುದೂ ಬೇಡ. ವಿವರಿಸುವುದರಿಂದ ಅವರ ತಿಳಿವಳಿಕೆ ಗಟ್ಟಿಯಾಗುತ್ತದೆಂಬುದು ನಿಜವಾದರೂ, ಹೊಸದನ್ನು ಕಲಿಯುವ ಹಕ್ಕು ಅವರಿಗೂ ಇದೆ. ಅದೇ ಗುರಿಯ ಆಳಕ್ಕಿಳಿಯುವ ಒಂದು ಪ್ರಶ್ನೆ ಸಿದ್ಧವಿರಲಿ. ‘4, 9, 16, 25, 36 ಇವುಗಳಿಂದ ಒಂದನ್ನು ಕಳೆಯಿರಿ. ಬಂದ ಸಂಖ್ಯೆಗಳಲ್ಲಿ ಅವಿಭಾಜ್ಯ ಯಾವುದು? ಮುಂದೆ ಎಲ್ಲಿಯಾದರೂ ಇನ್ನೊಂದು ಸಿಕ್ಕೀತೇ?’ ಎಂಬುದು ಅಂಥ ಪ್ರಶ್ನೆ. 3ನ್ನು ಬಿಟ್ಟರೆ ಇನ್ನೊಂದು ಸಿಗುವುದಿಲ್ಲ, ಏಕೆಂದರೆ ಎ² − 1 ಯಾವಾಗಲೂ (ಎ − 1) ಮತ್ತು (ಎ + 1) ಇವುಗಳ ಗುಣಲಬ್ಧ ಎಂಬಲ್ಲಿಗೆ ಅವರೇ ತಲುಪಲಿ.

ಕೊನೆಯ ಐದು ನಿಮಿಷ

ಅವಧಿ ಮುಗಿಯುವ ಮುನ್ನ ಎಲ್ಲರಿಗೂ ಒಂದೇ ಪ್ರಶ್ನೆಯ ಚೀಟಿ ಕೊಡಿ: ‘(ಎ + 5)² ಮತ್ತು ಎ² + 25 ಎಂದಾದರೂ ಸಮನಾಗುತ್ತವೆಯೇ?’ ಸದಾ ಸಮ ಎಂದವರಿಗೆ ಮರುದಿನ ಮತ್ತೆ ಹಾಳೆಯ ಚೌಕ ಬೇಕು. ಎಂದೂ ಇಲ್ಲ ಎಂದವರು ಪಾಠವನ್ನು ಬಹುಮಟ್ಟಿಗೆ ಹಿಡಿದಿದ್ದಾರೆ, ಅವರ ಜೊತೆ ಎರಡು ನಿಮಿಷದ ಮಾತು ಸಾಕು. ಎ ಸೊನ್ನೆಯಾದಾಗ ಮಾತ್ರ, ಏಕೆಂದರೆ ಆಗಷ್ಟೇ 10ಎ ಇಲ್ಲವಾಗುತ್ತದೆ ಎಂದು ಬರೆದವರು ಗುರಿ ಮುಟ್ಟಿದ್ದಾರೆ. ಮರುದಿನ ಯಾರು ಯಾರ ಜೊತೆ ಕೂರಬೇಕೆಂಬುದನ್ನು ಈ ಚೀಟಿಗಳೇ ತಿಳಿಸುತ್ತವೆ.

ವಾರದ ಎಲ್ಲ ಅವಧಿಗಳನ್ನೂ ಹೀಗೆ ನಡೆಸಲು ಯಾರಿಂದಲೂ ಆಗದು, ಹಾಗೆ ಮಾಡಬೇಕಾಗಿಯೂ ಇಲ್ಲ. ವಾರಕ್ಕೊಂದು ಅವಧಿಯಿಂದ ಆರಂಭಿಸಿ, ಪ್ರಶ್ನೆಗಳನ್ನೂ ಚೀಟಿಗಳನ್ನೂ ಅಧ್ಯಾಯವಾರು ಫೈಲಿನಲ್ಲಿ ಇಟ್ಟುಕೊಳ್ಳಿ. ಅದೇ ತರಗತಿಗೆ ಪಾಠ ಮಾಡುವ ಇನ್ನೊಬ್ಬ ಶಿಕ್ಷಕರಿದ್ದರೆ ಅಧ್ಯಾಯಗಳನ್ನು ಹಂಚಿಕೊಂಡು ಸಿದ್ಧಪಡಿಸಿದರೆ ಇಬ್ಬರ ಹೊರೆಯೂ ಅರ್ಧವಾಗುತ್ತದೆ. ಮುಂದಿನ ವರ್ಷಕ್ಕೆ ಬದಲಿಸಬೇಕಾಗಿ ಬರುವುದು ಆ ವರ್ಷದ ಮಕ್ಕಳು ಮಾಡುವ ತಪ್ಪುಗಳಿಗೆ ತಕ್ಕ ಕೆಲವು ಚೀಟಿಗಳನ್ನು ಮಾತ್ರ.