ಆಲೂಗಡ್ಡೆ ಕದ್ದ ಓಗರ್: ಬೇಕಂತಲೇ ಮಾಡಿದ ತಮಾಷೆಯಾ, ಎಡವಟ್ಟಾ?

2009ರ ಮಳೆಗಾಲ. ಕುಂದಾಪುರದ ಹತ್ತಿರ ನಮ್ಮ ಮನೆ. ಹೊರಗೆ ಒಂದೇ ಸಮ ಮಳೆ, ಒಳಗೆ ಮಾವ ಬಳಸಿ ಕೊಟ್ಟ ಹಳೇ ಕಂಪ್ಯೂಟರ್. ಅದರಲ್ಲಿ ನಾನು ಆಬ್ಲಿವಿಯನ್ ಅನ್ನುವ ಕಂಪ್ಯೂಟರ್ ಆಟ ಆಡುತ್ತಿದ್ದೆ. ತಂಗಿ ಹಿಂದೆ ಕುರ್ಚಿ ಎಳೆದುಕೊಂಡು ನೋಡುತ್ತಿದ್ದಳು.

ಆಟದಲ್ಲಿ ದಾರಿ ಬದಿಗೆ ಒಂದು ಛತ್ರದಂಥ ಜಾಗ ಇದೆ, ಫೇರ್‌ಗಿಲ್ ಇನ್. ಅಲ್ಲಿ ಸ್ಜಿರ್ರಾ ಅನ್ನುವವಳು ಸಿಗುತ್ತಾಳೆ. ಅವಳು ಖಜೀಟ್, ಅಂದರೆ ಬೆಕ್ಕಿನ ಮೋರೆಯ ಜನ. ಅವಳಿಗೆ ದೊಡ್ಡ ಚಿಂತೆ. ಅವಳ ಜಂಬೋ ಆಲೂಗಡ್ಡೆಗಳನ್ನು ಯಾರೋ ಕದ್ದಿದ್ದಾರೆ. ಹುಡುಕಿಕೊಂಡು ಹೋದರೆ ಕಳ್ಳ ಒಬ್ಬ ಓಗರ್. ನಮ್ಮ ಅಜ್ಜಿಕಥೆಯ ರಾಕ್ಷಸನ ಥರದ ದೈತ್ಯ. ಅವನನ್ನು ಕೊಂದು ಆಲೂಗಡ್ಡೆ ತಂದುಕೊಟ್ಟರೆ ಅವಳು ಬ್ರೆಡ್ ಕೊಡುತ್ತಾಳೆ. ಇಷ್ಟೇ ಕಥೆ.

ನಾನು ಓಗರ್ ಕೈಯಲ್ಲಿ ಎರಡು ಸಲ ಸತ್ತು, ಮೂರನೇ ಸಲ ಗೆದ್ದು, ಆಲೂಗಡ್ಡೆ ತಂದುಕೊಟ್ಟೆ. ತಂಗಿ ಕುರ್ಚಿಯಲ್ಲೇ ಬಿದ್ದು ಬಿದ್ದು ನಗುತ್ತಿದ್ದಳು. "ಅಣ್ಣ, ಇದು ಬೇಕಂತಲೇ ಮಾಡಿದ್ದು" ಅಂದಳು. ನಾನು ಒಪ್ಪಲಿಲ್ಲ. ಓಗರ್‌ಗೆ ಆಲೂಗಡ್ಡೆ ಯಾಕೆ ಬೇಕಿತ್ತು ಅನ್ನುವುದಕ್ಕೆ ನನಗೆ ಸಮಾಧಾನವಾಗುವ ಉತ್ತರ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಆಟದಲ್ಲಿ ಇಷ್ಟು ತೆಳು ಕಥೆ ಅಂದರೆ ಬರೆದವರು ಅವಸರದಲ್ಲಿ ಬರೆದಿದ್ದಾರೆ, ಅದಕ್ಕೇ ನಗು ಬರುತ್ತಿದೆ ಅಂತ ನನ್ನ ವಾದ. ಆವತ್ತು ಊಟದ ಹೊತ್ತಿನವರೆಗೂ ಜಗಳ ಆಡಿದೆವು.

ಆ ಜಗಳಕ್ಕೆ ಉತ್ತರ ಹುಡುಕಬೇಕು ಅಂತ ನಾನು ನಿಜವಾಗಿ ಕೂತಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ಕ್ವೆಸ್ಟ್. ಈ ಆಲೂಗಡ್ಡೆಯದರ ಹಾಗೆ, ಆಟಗಾರನಿಗೆ ಯಾರೋ ಒಪ್ಪಿಸುವ ಒಂದು ಕೆಲಸದ ಕಥೆಗೆ ಕ್ವೆಸ್ಟ್ ಅನ್ನುತ್ತಾರೆ.

ಆಬ್ಲಿವಿಯನ್ ಬಂದಿದ್ದು 2006ರ ಮಾರ್ಚ್‌ನಲ್ಲಿ. ಮಾಡಿದವರು ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್. ಕಂಪ್ಯೂಟರಿನಲ್ಲಿ ಆಡುವವರಿಗೆ ಕನ್‌ಸ್ಟ್ರಕ್ಷನ್ ಸೆಟ್ ಅನ್ನುವ ಎಡಿಟರನ್ನೂ ಅವರು ಉಚಿತವಾಗಿ ಕೊಟ್ಟರು. ಅದರಲ್ಲಿ ಆಟವನ್ನೇ ಬಿಚ್ಚಿ ನೋಡಬಹುದು, ನಮ್ಮದನ್ನೂ ಸೇರಿಸಬಹುದು. ನಾನು ಒಂದು ಸಣ್ಣ ಮಾಡ್ ಮಾಡಿದೆ, ಅಂದರೆ ಆಟಕ್ಕೆ ಸೇರಿಸುವ ನಮ್ಮದೇ ತುಣುಕು. ಒಬ್ಬಳು ಮುದುಕಿ. ಅವಳ ಮಗ ಗುಹೆಗೆ ಹೋದವನು ಬಂದಿಲ್ಲ. ಆಟಗಾರ ಹೋಗಿ ನೋಡಿದರೆ ಅವನು ಸತ್ತಿದ್ದಾನೆ. ಅವನ ಉಂಗುರ ತಂದು ತಾಯಿಗೆ ಕೊಡಬೇಕು. ಇದು ಜನರ ಮನಸ್ಸು ಕಲಕುತ್ತದೆ ಅಂದುಕೊಂಡಿದ್ದೆ. ಇಬ್ಬರು ಸ್ನೇಹಿತರಿಗೆ ಆಡಲು ಕೊಟ್ಟೆ. ಮುದುಕಿ ಉಂಗುರ ತೆಗೆದುಕೊಂಡ ಕೂಡಲೇ ಇಬ್ಬರೂ ನಕ್ಕರು.

ನನಗೆ ತುಂಬಾ ನೋವಾಯಿತು. ಜೊತೆಗೆ ಹಳೇ ಪ್ರಶ್ನೆಯೂ ಎದ್ದು ಬಂತು. ನಾನು ಬರೆದಿದ್ದರಲ್ಲಿ ತಮಾಷೆ ಇರಲಿಲ್ಲ. ಆದರೂ ನಗು ಬಂತು. ಹಾಗಾದರೆ ಆಲೂಗಡ್ಡೆಯಲ್ಲಿ ಬಂದ ನಗು ಯಾವ ಬಗೆಯದು? ಹೊರಗಿನಿಂದ ನೋಡಿ ಇದನ್ನು ಹೇಳೋದು ಹೇಗೆ?

ಮೊದಲು ನನ್ನ ಮುದುಕಿಗೆ ಏನಾಗಿತ್ತು ಅಂತ ಹುಡುಕಿದೆ. ಇದು ಸ್ವಲ್ಪ ಒಳಗಿನ ವಿಷಯ, ಆದರೆ ಮುಖ್ಯ. ಆಬ್ಲಿವಿಯನ್‌ನಲ್ಲಿ ಯಾರನ್ನಾದರೂ ಮಾತಾಡಿಸಿದರೆ ಸುತ್ತಲಿನ ಲೋಕ ನಿಂತುಬಿಡುತ್ತದೆ, ಕ್ಯಾಮೆರಾ ನೇರ ಅವರ ಮುಖಕ್ಕೆ ಹೋಗುತ್ತದೆ. ಅವರ ಮಾತು ಎಡಿಟರಿನಲ್ಲಿ ತುಂಡು ತುಂಡಾಗಿ ಇರುತ್ತದೆ. ಒಂದು ತುಂಡಿಗೆ 150 ಅಕ್ಷರದ ಮಿತಿ. ದೊಡ್ಡ ಮಾತು ಬೇಕಾದರೆ ನಾಲ್ಕೈದು ತುಂಡು ಜೋಡಿಸಬೇಕು. ಪ್ರತಿ ತುಂಡಿಗೂ ಬೇರೆಯಾಗಿ ಒಂದು ಭಾವ ಆರಿಸಬೇಕು: ಸಾಧಾರಣ, ಕೋಪ, ಅಸಹ್ಯ, ಭಯ, ದುಃಖ, ಸಂತೋಷ, ಆಶ್ಚರ್ಯ. ಅದರ ಪಕ್ಕ ಆ ಭಾವ ಎಷ್ಟಿರಬೇಕು ಅನ್ನುವುದಕ್ಕೆ 0ಯಿಂದ 100ರವರೆಗೆ ಒಂದು ಅಂಕಿ. ನಾನು ಮಾಡಿದ್ದೇನು? "ನನ್ನ ಮಗ..." ಅನ್ನುವ ಸಾಲಿಗೆ ದುಃಖ ಕೊಟ್ಟಿದ್ದೆ. ಮುಂದಿನದು ಬಹುಮಾನದ ಸಾಲು, ಅದಕ್ಕೆ ಸಂತೋಷ. ಆಮೇಲೆ ನನ್ನ ಮಾತು ಮುಗಿದು ಆಟದ ಮಾಮೂಲಿ ಪಟ್ಟಿ ಬರುತ್ತದೆ, ಅದರಲ್ಲಿ 'ಊರಿನ ಸುದ್ದಿ'. ಅದನ್ನು ಒತ್ತಿದರೆ, ಮಗನ ಸಾವು ಕೇಳಿ ಐದು ಸೆಕೆಂಡ್ ಆಗಿಲ್ಲ, ಮುದುಕಿ ಆರಾಮಾಗಿ ಊರ ಸುದ್ದಿ ಹೇಳುತ್ತಾಳೆ. ಮೇಲಿಂದ ನಾನು ಧ್ವನಿ ಫೈಲ್ ಹಾಕಿರಲಿಲ್ಲ. ಅದಿಲ್ಲದಿದ್ದರೆ ಕೆಳಗಿನ ಅಕ್ಷರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತವೆ. ಒಂದೇ ಉಸಿರಿಗೆ ಅಳು, ನಗು, ದುಡ್ಡು, ಊರ ಸುದ್ದಿ. ನಗದೆ ಇನ್ನೇನು ಮಾಡುತ್ತಾರೆ, ಅಲ್ವಾ?

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ನಗು ಬಂದಿದ್ದು ನನ್ನ ಸಾಲುಗಳಿಂದಲ್ಲ, ಸಾಲು ಸಾಲಿನ ಮಧ್ಯದ ಹೊಲಿಗೆಯಿಂದ. ನಾನು ಬರೆದ ಮಾತು ಮುಗಿದು ಬೇರೆಯವರ ಮಾತು ಶುರುವಾಗುವ ಜಾಗ ಅದು. ಆ ಜಾಗವನ್ನು ಯಾರೂ ನೋಡಿಕೊಂಡಿರಲಿಲ್ಲ.

ಇದಾದ ಮೇಲೆ, ಅದೇ ಆಟದಲ್ಲಿ ಖಂಡಿತವಾಗಿ ಬೇಕಂತಲೇ ಮಾಡಿದ ತಮಾಷೆ ಹೇಗಿದೆ ಅಂತ ನೋಡಲು ಸ್ಕಿನ್‌ಗ್ರಾಡ್ ಊರಿಗೆ ಹೋದೆ. ಅಲ್ಲಿ ಗ್ಲಾರ್ಥಿರ್ ಅಂತ ಒಬ್ಬ ಕಾಡು ಎಲ್ಫ್ ಇದ್ದಾನೆ, ಎಲ್ಫ್ ಅಂದರೆ ಚೂಪು ಕಿವಿಯ ಜನ. ಊರಿಗೆ ಕಾಲಿಟ್ಟರೆ ಸಾಕು, ಓಡಿ ಬಂದು ಗುಟ್ಟಾಗಿ ಮಾತಾಡುತ್ತಾನೆ. ನಡುರಾತ್ರಿ ಗುಡಿಯ ಹಿಂದೆ ಬಾ ಅನ್ನುತ್ತಾನೆ. ಊರಿನವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವುದು ಅವನ ಅನುಮಾನ. ಮೂರು ಜನರ ಹೆಸರು ಒಬ್ಬೊಬ್ಬರಂತೆ ಕೊಡುತ್ತಾನೆ, ನಾವು ಹಿಂಬಾಲಿಸಿ ಹೇಳಬೇಕು.

ಆಟವನ್ನು ಒಂದು ಕಡೆ ಉಳಿಸಿಟ್ಟು, ಅದೇ ಸೇವ್ ಫೈಲಿನಿಂದ ಇದನ್ನು ಮತ್ತೆ ಮತ್ತೆ ಆಡಿದೆ. ಒಂದು ಸಲ ನಿಜ ಹೇಳಿದೆ. ಒಂದು ಸಲ ಸುಳ್ಳು. ಒಂದು ಸಲ ಕಾವಲುಗಾರರ ಮುಖ್ಯಸ್ಥ ಡಿಯೋನ್ ಹತ್ತಿರ ಹೋದೆ. ಎಲ್ಲದಕ್ಕೂ ಉತ್ತರ ಸಿದ್ಧವಾಗಿತ್ತು! 'ಹೌದು, ಅವರು ಪಿತೂರಿ ಮಾಡುತ್ತಿದ್ದಾರೆ' ಅಂದರೆ ಅವರನ್ನು ಮುಗಿಸು ಅನ್ನುವ ಮಟ್ಟಕ್ಕೆ ಹೋಗುತ್ತಾನೆ. ಮೂವರದೂ ತಪ್ಪಿಲ್ಲ ಅಂದರೆ, ನೀನೂ ಅವರ ಕಡೆಯವನೇ ಅಂತ ನಮ್ಮ ಮೇಲೆಯೇ ತಿರುಗಿ ಬೀಳುತ್ತಾನೆ. ನಾವು ಯಾವ ದಾರಿ ಹಿಡಿದರೂ ಬರೆದವರು ನಮಗಿಂತ ಮೊದಲೇ ಅಲ್ಲಿ ಬಂದು ಕೂತಿದ್ದಾರೆ. ಅವನ ಹುಚ್ಚು ಅನುಮಾನ ನಗು ತರಿಸುತ್ತದೆ, ಸ್ವಲ್ಪ ಹೊತ್ತಿಗೆ ಹೆದರಿಕೆಯೂ ಆಗುತ್ತದೆ. ಅದೆಲ್ಲಾ ಲೆಕ್ಕ ಹಾಕಿ ಇಟ್ಟಿದ್ದು.

ಇದಕ್ಕೆ ಪೂರ್ತಿ ಎದುರಿನದು ಟ್ಯಾಂಡಿಲ್ವೆಯ ಕಥೆ. ರಾಜಧಾನಿಯ ಗುಡಿಯಲ್ಲಿ ಇರುವ ಎಲ್ಫ್ ಹೆಂಗಸು, ಮಾತುಗಾರಿಕೆ ಕಲಿಸುವವಳು. ಒಂದು ಸಾಲನ್ನು ಹೇಳುತ್ತಾ ಹೇಳುತ್ತಾ ಸಟ್ಟನೆ ನಿಲ್ಲಿಸಿ, ತಡೆಯಿರಿ, ಇದನ್ನು ಇನ್ನೊಂದು ಸಲ ಹೇಳುತ್ತೇನೆ ಅಂದು, ಅದೇ ಸಾಲನ್ನು ಮತ್ತೆ ಹೇಳುತ್ತಾಳೆ. ಧ್ವನಿ ಕೊಟ್ಟ ಕಲಾವಿದೆ ರೆಕಾರ್ಡಿಂಗ್‌ನಲ್ಲಿ ತಪ್ಪಿ ಹೇಳಿದ್ದು ಹಾಗೇ ಆಟದೊಳಗೆ ಬಂದುಬಿಟ್ಟಿದೆ. ಮಾತು ಕಲಿಸುವವಳ ಬಾಯಲ್ಲೇ ಇದು ಬಂದಿದ್ದರಿಂದ ಬೇಕಂತಲೇ ಇಟ್ಟ ಹಾಗೆ ಕಾಣುತ್ತದೆ. ಆದರೆ ಆ ಒಂದು ಸಾಲು ಬಿಟ್ಟರೆ ಅದಕ್ಕೆ ಜೊತೆ ಕೊಡುವ ಇನ್ನೊಂದು ವಸ್ತುವೂ ಇಲ್ಲ. ಎದುರಿಗಿದ್ದವರು ಪ್ರತಿಕ್ರಿಯೆ ಕೊಡುವುದಿಲ್ಲ, ನಮಗೆ ಕೇಳುವ ಪ್ರಶ್ನೆ ಇಲ್ಲ. 2025ರ ಏಪ್ರಿಲ್‌ನಲ್ಲಿ ಆಟವನ್ನು ಹೊಸದಾಗಿ ಮಾಡಿ ಬಿಟ್ಟಾಗಲೂ ಆ ಸಾಲನ್ನು ಉಳಿಸಿಕೊಂಡರು. ಅಂದರೆ 2006ರಲ್ಲಿ ತಪ್ಪಾಗಿದ್ದದ್ದು 2025ರಲ್ಲಿ ಬೇಕಂತಲೇ ಇಟ್ಟುಕೊಂಡ ತಮಾಷೆ ಆಯಿತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನಾನು ಚಿಕ್ಕಂದಿನಿಂದ ಯಕ್ಷಗಾನ ನೋಡಿಕೊಂಡು ಬೆಳೆದವನು. ರಂಗದಲ್ಲಿ ರಾಜವೇಷದ ಕಿರೀಟ ಜಾರಿದರೂ ಜನ ನಗುತ್ತಾರೆ, ಹಾಸ್ಯಗಾರ ಬಂದರೂ ನಗುತ್ತಾರೆ. ಎರಡರ ವ್ಯತ್ಯಾಸ ಹಿಮ್ಮೇಳದಲ್ಲಿ ಗೊತ್ತಾಗುತ್ತದೆ. ಹಾಸ್ಯಗಾರ ಬರುವಾಗ ಭಾಗವತರಿಗೆ, ಮದ್ದಳೆಯವರಿಗೆ ಮೊದಲೇ ಗೊತ್ತು. ಅವನ ನಡಿಗೆಗೆ ಮದ್ದಳೆ ಜೊತೆ ಕೊಡುತ್ತದೆ. ಕಿರೀಟ ಜಾರಿದಾಗ ತಾಳ ಹಾಗೇ ಹೋಗುತ್ತಿರುತ್ತದೆ, ಯಾಕೆಂದರೆ ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಆಟದಲ್ಲೂ ನಾನು ಇದನ್ನೇ ಹುಡುಕಲು ಶುರು ಮಾಡಿದೆ. ಈ ತಮಾಷೆಗೆ ಹಿಮ್ಮೇಳ ಇದೆಯಾ?

ಈ ಪ್ರಶ್ನೆ ಇಟ್ಟುಕೊಂಡು ಆಲೂಗಡ್ಡೆಗೆ ವಾಪಸ್ ಬಂದೆ.

ಮೊದಲಿಗೆ ಒಂದು ಕಡೆ ದಾರಿ ತಪ್ಪಿದೆ. ಆಟದೊಳಗೆ ಕ್ವೆಸ್ಟ್‌ಗಳ ವಿವರ ಬರೆದಿಡುವ ದಿನಚರಿ, ಅಂದರೆ ಜರ್ನಲ್ ಓದಿ, ಆಲೂಗಡ್ಡೆ ಕಳುವಾದದ್ದನ್ನು ಇಷ್ಟು ಗಂಭೀರವಾಗಿ ಬರೆದಿದ್ದಾರೆ ಅಂದರೆ ಅದೇ ತಮಾಷೆ ಅಂದುಕೊಂಡೆ. ಆಮೇಲೆ ಬೇರೆ ಕ್ವೆಸ್ಟ್‌ಗಳ ಜರ್ನಲ್ ಓದಿದೆ. ರಾಕ್ಷಸರು ಕ್ವಾಚ್ ನಗರವನ್ನೇ ಸುಟ್ಟುಹಾಕಿದ ಕಥೆಯೂ ಅದೇ ಧಾಟಿಯಲ್ಲಿದೆ. 'ನಾನು ಇಲ್ಲಿಗೆ ಹೋಗಬೇಕು, ಇವರನ್ನು ನೋಡಬೇಕು' ಅನ್ನುವ ಹಾಗೆ, ಆಟಗಾರನ ಬಾಯಲ್ಲಿ, ಒಣ ವರದಿ. ಅದು ಆಟದ ಪದ್ಧತಿ. ಆದ್ದರಿಂದ ಆ ಗಂಭೀರತೆ ತಮಾಷೆಗೆ ಸಾಕ್ಷಿಯೂ ಅಲ್ಲ, ಎಡವಟ್ಟಿಗೆ ಸಾಕ್ಷಿಯೂ ಅಲ್ಲ. ಒಂದು ಕ್ವೆಸ್ಟ್ ಮಾತ್ರ ನೋಡಿ ತೀರ್ಪು ಕೊಡಬಾರದು ಅನ್ನೋದನ್ನು ಅಲ್ಲಿ ಕಲಿತೆ. ಪಕ್ಕದ ನಾಲ್ಕು ಕ್ವೆಸ್ಟ್ ನೋಡಿದರೆ ಮಾತ್ರ ಯಾವುದು ಮಾಮೂಲಿ, ಯಾವುದು ವಿಶೇಷ ಅಂತ ಕಾಣುತ್ತದೆ.

ಹಾಗಾದರೆ ವಿಶೇಷ ಯಾವುದು? ಹೆಸರು. ಕ್ವೆಸ್ಟಿನ ಹೆಸರು 'ದಿ ಪೊಟೇಟೊ ಸ್ನ್ಯಾಚರ್'. ಸರಗಳ್ಳ ಅನ್ನುವ ಹಾಗೆ ಆಲೂಗಡ್ಡೆಗಳ್ಳ. ಈ ಹೆಸರನ್ನು ಯಾರೋ ಕೂತು ಯೋಚಿಸಿ ಇಟ್ಟಿದ್ದಾರೆ. ಎರಡನೆಯದು ವಸ್ತು. ಆಟದಲ್ಲಿ ಮಾಮೂಲಿ ಆಲೂಗಡ್ಡೆ ಎಲ್ಲಾ ಅಡುಗೆಮನೆಯಲ್ಲೂ ಸಿಗುತ್ತದೆ. ಅದನ್ನೇ ಬಳಸಬಹುದಿತ್ತು. ಹಾಗೆ ಮಾಡದೆ ಇದಕ್ಕೆಂದೇ 'ಜಂಬೋ ಪೊಟೇಟೊ' ಅಂತ ಬೇರೆ ವಸ್ತು ಮಾಡಿದ್ದಾರೆ. ಬಹುಮಾನವೂ ಬರೀ ಬ್ರೆಡ್ ಅಲ್ಲ, ಸ್ಜಿರ್ರಾಳ ಹೆಸರು ಹೊತ್ತ 'ಪ್ರಸಿದ್ಧ ಆಲೂಗಡ್ಡೆ ಬ್ರೆಡ್'. ಎಡಿಟರಿನಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಒಂದು ಹೊಸ ವಸ್ತು ಸೇರಿಸುವುದು ಅಂದರೆ ಹೆಸರು, ತೂಕ, ಬೆಲೆ, ಗುಣ ಎಲ್ಲಾ ತುಂಬಬೇಕು. ಅವಸರದಲ್ಲಿ ಗೀಚಿ ಎಸೆದವರು ಈ ಕಷ್ಟ ತೆಗೆದುಕೊಳ್ಳುವುದಿಲ್ಲ. ಮೂರು ಬೇರೆ ಬೇರೆ ಜಾಗದಲ್ಲಿ ಒಂದೇ ತುಂಟತನ ಇಣುಕುತ್ತಿದೆ. ಮದ್ದಳೆ ಕೇಳಿಸಿತು.

ಇಷ್ಟಕ್ಕೇ ತಂಗಿ ಗೆದ್ದಳು ಅಂತ ಬಿಡಬಹುದಿತ್ತು. ಆದರೆ 2009ರ ಆ ಸಂಜೆಯನ್ನು ಸರಿಯಾಗಿ ನೆನಪು ಮಾಡಿಕೊಂಡೆ. ಅವಳು ನಕ್ಕಿದ್ದು ಯಾವಾಗ? ಕ್ವೆಸ್ಟಿನ ಹೆಸರು ಬಂದಾಗ ಅಲ್ಲ, ಬ್ರೆಡ್ ಸಿಕ್ಕಾಗಲೂ ಅಲ್ಲ. ನಾನು ಸ್ಜಿರ್ರಾಳನ್ನು ಒಲಿಸಿಕೊಳ್ಳಲು ಓಲೈಕೆಯ ಚಕ್ರ ತಿರುಗಿಸುತ್ತಿದ್ದಾಗ. ಆ ಚಕ್ರದಲ್ಲಿ ಹೊಗಳು, ಜೋಕ್ ಹೇಳು, ಜಂಬ ಕೊಚ್ಚು, ಹೆದರಿಸು ಅಂತ ನಾಲ್ಕು ಮನೆ. ಮೌಸ್ ಒಂದೊಂದರ ಮೇಲೆ ಹೋದ ಹಾಗೂ ಅವಳ ಮುಖ ಕ್ಷಣದಲ್ಲಿ ಅರಳಿ, ಕ್ಷಣದಲ್ಲಿ ಸಿಂಡರಿಸಿಕೊಳ್ಳುತ್ತದೆ. ಆಲೂಗಡ್ಡೆ ಕಳಕೊಂಡು ಕಂಗಾಲಾದ ಬೆಕ್ಕಿನ ಮುಖ ಹಾಗೆ ಕುಣಿಯುವಾಗ ತಂಗಿಗೆ ನಗು ತಡೆಯಲಾಗಲಿಲ್ಲ. ಆ ಚಕ್ರ ಆಟದ ಎಲ್ಲರಿಗೂ ಒಂದೇ. ಆಲೂಗಡ್ಡೆ ಕ್ವೆಸ್ಟ್ ಬರೆದವರು ಅದನ್ನು ಇಲ್ಲಿಗಾಗಿ ಇಟ್ಟಿಲ್ಲ.

ಹಾಗಾಗಿ ನಾನು ಮುಟ್ಟಿದ ತೀರ್ಮಾನ ಇದು. ಬರೆದವರು ತಮಾಷೆ ಮಾಡಲು ಹೊರಟಿದ್ದು ನಿಜ. ಆದರೆ ಬರವಣಿಗೆ ಅದಕ್ಕೆ ಸಾಲಲಿಲ್ಲ. ಓಗರ್ ಬರೀ ಹೊಡೆಯಲು ಬರುತ್ತಾನೆ. ಗ್ಲಾರ್ಥಿರ್ ಕಥೆಯ ಹಾಗೆ ಇಲ್ಲಿ ನಮ್ಮ ಕೈಗೆ ಯಾವ ಆಯ್ಕೆಯನ್ನೂ ಕೊಟ್ಟಿಲ್ಲ. ನಾವು ನಕ್ಕ ನಗು ಪಕ್ಕದ ಹೊಲಿಗೆಯಿಂದ ಬಂದಿದ್ದು. ಬೇಕಂತ ಮಾಡಿದ ತಮಾಷೆಯೂ ಇದೆ, ಎಡವಟ್ಟೂ ಇದೆ, ಎರಡೂ ಒಂದೇ ಬೆಂಚಿನ ಮೇಲೆ ಕೂತಿವೆ. ಕೆಟ್ಟದಾಗಿ ಬರೆದಿದ್ದರೆ ಅದು ಬೇಕಂತಲೇ ಮಾಡಿದ ತಮಾಷೆಯಾಗಿರಲು ಸಾಧ್ಯವಿಲ್ಲ ಅಂತ ನಾನು ವಾದಿಸಿದ್ದೆನಲ್ಲ, ಆ ವಾದ ತಪ್ಪಾಗಿತ್ತು.

ಇದೆಲ್ಲಾ ಆದಮೇಲೆ ನನ್ನ ಮುದುಕಿಯ ಹತ್ತಿರ ಹೋದೆ. ಬಹುಮಾನದ ಸಾಲು ತೆಗೆದುಹಾಕಿದೆ, ದುಡ್ಡೂ ಬೇಡ. ಮಾತಿನ ಎಲ್ಲಾ ತುಂಡಿಗೂ ದುಃಖ ಇಟ್ಟೆ, ಆದರೆ ಅಂಕಿ ಇಳಿಸಿ 40 ಮಾಡಿದೆ. ಜಾಸ್ತಿ ಇಟ್ಟರೆ ಮುಖ ಬೊಂಬೆಯ ಥರ ಆಗುತ್ತದೆ. ಪ್ರತಿ ಸಾಲಿಗೂ ಮೌನದ ಧ್ವನಿ ಫೈಲ್ ಹಾಕಿದೆ, ಓದಲು ಸಮಯ ಸಿಗಲಿ ಅಂತ. ಕೊನೆಯ ಸಾಲಿಗೆ ವಿದಾಯದ ಗುರುತು ಹಾಕಿದೆ. ಹಾಗೆ ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಊರ ಸುದ್ದಿಯ ಪಟ್ಟಿ ಬರುವುದೇ ಇಲ್ಲ. ಒಟ್ಟು ಒಂದು ಸಂಜೆಯ ಕೆಲಸ.

ಅದೇ ಇಬ್ಬರು ಸ್ನೇಹಿತರಿಗೆ ಮತ್ತೆ ಕೊಟ್ಟೆ. ಒಬ್ಬ ಆಡಿ ಮುಗಿಸಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಮನೆಗೆ ಮತ್ತೆ ಹೋದರೆ ಅವಳು ಮಾತಾಡ್ತಾಳಾ?" ಅಂತ ಕೇಳಿದ. ಆ ಮಾತನ್ನು ನಾನು ಬರೆದಿರಲಿಲ್ಲ. ಆವತ್ತು ರಾತ್ರಿಯೇ ಕೂತು ಬರೆದೆ.