ಒಂದಡಿ ಮಣ್ಣಿನ ಕಲ್ಲುಭೂಮಿಯಲ್ಲಿ ಹುಲ್ಲು ಬೆಳೆಸುವುದು ಹೇಗೆ?

ಹಾರೆ ಎತ್ತಿ ಹಾಕಿದರೆ ಒಂದಡಿಗೇ ಠಣ್ ಅನ್ನುತ್ತದೆ. ನಾಗಮಂಗಲ, ಪಾಂಡವಪುರ, ಮೇಲುಕೋಟೆ ಕಡೆಯ ಏರು ಹೊಲಗಳಲ್ಲಿ ಈ ಸದ್ದು ಹೊಸದಲ್ಲ. ಮೇಲೆ ಕಲ್ಲು, ನಡುವೆ ಒಂದಡಿ ಅಂಟು ಮಣ್ಣು, ಕೆಳಗೆ ಬಂಡೆ. ನಾಲೆ ನೀರು ಹತ್ತದ ಇಂಥ ಜಾಗವನ್ನು ಬರಡು ಅಂತ ಒಂದೇ ಮಾತಿಗೆ ತಳ್ಳಿಬಿಡುತ್ತೇವೆ. ರಾಗಿ ಹಾಕಿ ಸೋತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹುಲ್ಲಿಗೆ ಅಷ್ಟು ಮಣ್ಣು ಸಾಕು. ನೇಗಿಲು ಹೂಡುವ ಮೊದಲು ಕೆಳಗೆ ಏನಿದೆ ಅಂತ ಅಳೆದು ನೋಡಬೇಕು, ಅಷ್ಟೇ.

ಕಲ್ಲುಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ದಿಣ್ಣೆಗಳಲ್ಲಿ ಕೆಳಗಿರುವುದು ಸುಮಾರು 6.6 ಕೋಟಿ ವರ್ಷ ಹಿಂದೆ ಜ್ವಾಲಾಮುಖಿಯ ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಬಂಡೆ. ಅದು ಸವೆದು ಆದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹೀಗೆ ಉಬ್ಬಿ ಕುಗ್ಗಿ ಒಳಗಿನ ಕಲ್ಲನ್ನು ಮೇಲಕ್ಕೆ ತಳ್ಳುತ್ತಾ ಇರುತ್ತದೆ. ಆ ಲಾವಾ ನಮ್ಮ ಮಂಡ್ಯ, ಮೈಸೂರಿನ ತನಕ ಬಂದಿಲ್ಲ. ನಮ್ಮ ಕೆಳಗಿರುವುದು ಬಹುಪಾಲು 300 ಕೋಟಿ ವರ್ಷದಷ್ಟು ಹಳೆಯ, ಗ್ರಾನೈಟಿನ ಥರದ, ಪಟ್ಟೆ ಪಟ್ಟೆಯ ‘ನೈಸ್’ (gneiss) ಅನ್ನುವ ಬಂಡೆ. ಅದಕ್ಕೇ ನಮ್ಮ ಮಣ್ಣು ಹೆಚ್ಚಾಗಿ ಕೆಂಪು, ಅದರ ಜೇಡಿ ಅಷ್ಟಾಗಿ ಉಬ್ಬುವುದಿಲ್ಲ. ಬಂಡೆ ಸವೆದರೂ ಅದರೊಳಗಿನ ಬೆಣಚುಕಲ್ಲು ಸವೆಯದೆ ಉಳಿದು ನೆಲದ ಮೇಲೆ ಬೆಳ್ಳಗೆ ಹರಡಿಕೊಂಡಿರುತ್ತದೆ. ಬಂಡೆ ಯಾವುದೇ ಇರಲಿ, ತೆಳು ಮಣ್ಣನ್ನು ಅಳೆಯುವ ರೀತಿ ಎರಡು ಕಡೆಗೂ ಒಂದೇ.

ಮೊದಲು ಸುಮ್ನೆ ಒಂದು ಸುತ್ತು

ಒಳ್ಳೆ ಮಳೆ ನಿಂತ ಮೂರನೇ ದಿನ ಹೊಲ ಸುತ್ತಿ. ಹುಲ್ಲು ಎಲ್ಲಿ ಮೊದಲು ಬಾಡಿದೆ, ಎಲ್ಲಿ ಇನ್ನೂ ಹಸಿರಿದೆ ನೋಡಿ. ಹಂಚಿಕಡ್ಡಿ, ಬಂದರಿಕೆ, ತಂಗಡಿ ಮಾತ್ರ ಇದ್ದರೆ ಅಲ್ಲಿ ಮಣ್ಣು ತೆಳು, ಮೇಯಿಸಿದ್ದೂ ಜಾಸ್ತಿ ಅಂತ ಲೆಕ್ಕ. ಗರಿಕೆ ದಟ್ಟವಾಗಿ ಹಬ್ಬಿದ್ದರೆ ಮಣ್ಣು ಸ್ವಲ್ಪ ಆಳವಿರುತ್ತದೆ. ಮೇಲೆ, ನಡುವೆ, ಕೆಳಗೆ ಅಂತ ಮೂರು ಜಾಗ ಗುರುತು ಮಾಡಿಕೊಳ್ಳಿ.

ಗುಂಡಿ ತೋಡಿ, ಕಲ್ಲು ಅಳೆಯಿರಿ

ಇದೇ ಮುಖ್ಯ ಕೆಲಸ. ಅವಸರ ಮಾಡಬೇಡಿ. ಒಂದೊಂದು ಜಾಗದಲ್ಲಿ ಒಂದಡಿ ಅಗಲ, ಒಂದಡಿ ಉದ್ದದ ಗುಂಡಿ ತೋಡಿ. ಬಂಡೆ ಸಿಗುವ ತನಕ ಹೋಗಿ. ಮಣ್ಣು, ಕಲ್ಲು ಎಲ್ಲವನ್ನೂ ಒಂದು ಚೀಲದ ಮೇಲೆ ಹಾಕಿಕೊಳ್ಳಿ, ಒಂದು ಹಿಡಿಯೂ ಆಚೆ ಹೋಗಬಾರದು. ಮಣ್ಣಿನ ಆಳ 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅತಿ ತೆಳು, 25ರಿಂದ 50 ಇದ್ದರೆ ತೆಳು ಅಂತ ಮಣ್ಣಿನ ಸರ್ವೆ ಮಾಡುವವರು ವಿಂಗಡಿಸುತ್ತಾರೆ.

ಈಗ ಗುಂಡಿಯೊಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಲೀಟರ್ ಲೆಕ್ಕದಲ್ಲಿ ನೀರು ತುಂಬಿಸಿ. ಎಷ್ಟು ಹಿಡಿಯಿತು ಬರೆದಿಟ್ಟುಕೊಳ್ಳಿ. ಆಮೇಲೆ ಚೀಲದ ಮೇಲಿನ ಕಲ್ಲುಗಳನ್ನು ಬೇರೆ ಮಾಡಿ. ರಾಗಿಕಾಳಿಗಿಂತ ಸ್ವಲ್ಪ ದಪ್ಪ, ಅಂದರೆ 2 ಮಿಲಿಮೀಟರ್ ದಾಟಿದ್ದೆಲ್ಲ ಕಲ್ಲೇ. ಬಕೆಟ್ಟಿಗೆ ಅಂಚಿನ ತನಕ ನೀರು ತುಂಬಿಸಿ ಬೇಸಿನ್ನಿನಲ್ಲಿ ಇಡಿ. ಕಲ್ಲನ್ನು ಮೆಲ್ಲಗೆ ಅದಕ್ಕೆ ಬಿಡಿ. ಬೇಸಿನ್ನಿಗೆ ಚೆಲ್ಲಿದ ನೀರು ಎಷ್ಟೋ ಕಲ್ಲಿನ ಗಾತ್ರ ಅಷ್ಟು. ಒಂದೇ ಸಲಕ್ಕೆ ಆಗದಿದ್ದರೆ ಎರಡು ಮೂರು ಸಲ ಮಾಡಿ ಕೂಡಿಸಿ.

ನನ್ನ ಹೊಲದ ನಡುವಿನ ಗುಂಡಿ 30 ಸೆಂಟಿಮೀಟರ್ ಆಳ ಇತ್ತು, 27 ಲೀಟರ್ ನೀರು ಹಿಡಿಯಿತು. ಕಲ್ಲು 11 ಲೀಟರ್. ಅಂದರೆ ನೂರಕ್ಕೆ 40 ಭಾಗ ಕಲ್ಲು.

ಮುದ್ದೆ ಹದಕ್ಕೆ ನಾದಿ

ಕಲ್ಲು ತೆಗೆದ ಮಣ್ಣನ್ನು ಒಂದು ಹಿಡಿ ತೆಗೆದುಕೊಳ್ಳಿ. ನೀರು ಚಿಮುಕಿಸಿ ರಾಗಿಮುದ್ದೆ ಹದಕ್ಕೆ ನಾದಿ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತುತ್ತಾ ರಿಬ್ಬನ್ ಥರ ಹೊರಗೆ ತಳ್ಳಿ. ಎರಡೂವರೆ ಸೆಂಟಿಮೀಟರಿಗೆ ಮೊದಲೇ ಮುರಿದರೆ ಜೇಡಿ ಕಡಿಮೆ. ಐದರ ತನಕ ಬಂದರೆ ಜೇಡಿ ಬೆರೆತ ಗೋಡು, ಅಂದರೆ ಮರಳು, ಜೇಡಿ ಎರಡೂ ಇರುವ ಮಣ್ಣು. ಐದು ದಾಟಿದರೆ ಜೇಡಿಮಣ್ಣೇ. ನಮ್ಮ ಕಡೆಯ ಏರು ಹೊಲಗಳಲ್ಲಿ ನಾನು ನಾದಿದ್ದು ಹೆಚ್ಚಾಗಿ ನಡುವಿನದ್ದೇ.

ಮಳೆ ಎಷ್ಟು ದಿನ ಬಾಳುತ್ತದೆ?

ಇಂಥ ಮಣ್ಣು ಒಂದು ಸೆಂಟಿಮೀಟರ್ ಆಳಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಮಳೆಯನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತದೆ. ಕಲ್ಲು ನೀರು ಹಿಡಿಯುವುದಿಲ್ಲ. ಆದ್ದರಿಂದ ನನ್ನ 30 ಸೆಂಟಿಮೀಟರಿನಲ್ಲಿ ನಿಜವಾದ ಮಣ್ಣು 18 ಮಾತ್ರ. ಒಂದೂವರೆಯಿಂದ ಗುಣಿಸಿದರೆ 27 ಮಿಲಿಮೀಟರ್. ಬಿಸಿಲಿನ ದಿನಗಳಲ್ಲಿ ಹಸಿರು ಹುಲ್ಲು ದಿನಕ್ಕೆ 4ರಿಂದ 5 ಮಿಲಿಮೀಟರ್ ಕುಡಿಯುತ್ತದೆ. ಅಲ್ಲಿಗೆ ಹೆಚ್ಚೆಂದರೆ ಆರು ದಿನ. ಒಂದು ಮೀಟರ್ ಆಳದ, ಕಲ್ಲಿಲ್ಲದ ಅದೇ ಮಣ್ಣಾಗಿದ್ದರೆ ಒಂದು ತಿಂಗಳು ತಡೆಯುತ್ತಿತ್ತು.

ಈ ಆರು ದಿನ ಅನ್ನುವುದು ಗೊತ್ತಾದ ಮೇಲೆ ನನಗೆ ಎಷ್ಟೋ ವಿಷಯ ಬಿಡಿಸಿ ಹೇಳಿದ ಹಾಗಾಯಿತು. ರಾಗಿ ತೆನೆ ಕಟ್ಟುವಾಗ ಹದಿನೈದು ದಿನ ಮಳೆ ಕೈಕೊಟ್ಟರೆ ಆ ವರ್ಷ ಮುಗಿಯಿತು. ಹುಲ್ಲು ಹಾಗಲ್ಲ. ಬಾಡುತ್ತದೆ, ಬುಡದಲ್ಲಿ ಜೀವ ಹಿಡಿದಿರುತ್ತದೆ, ಮುಂದಿನ ಮಳೆಗೆ ಚಿಗುರುತ್ತದೆ. ಮೇ ತಿಂಗಳಲ್ಲಿ ಒಂದು ಸಲ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸಲ ಜೋರು ಮಳೆ ಕಾಣುವ ನಮ್ಮ ಸೀಮೆಗೆ ಹೊಂದುವ ಗುಣ ಅದು.

ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕಿ. ಒಂದೇ ರಾತ್ರಿ 60 ಮಿಲಿಮೀಟರ್ ಹುಯ್ದರೆ 27 ಮಣ್ಣಿಗೆ, ಉಳಿದ 33 ಹೊರಗೆ. ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4,000 ಲೀಟರ್. ಬಂಡೆಯ ಬಿರುಕಿಗೆ ಇಳಿಯುವ ಸ್ವಲ್ಪ ಬಿಟ್ಟರೆ, 1.3 ಲಕ್ಷ ಲೀಟರ್ ನೀರು ಇಳಿಜಾರು ಹಿಡಿದು ಓಡುತ್ತದೆ. ಓಡುವಾಗ ಬರಿಗೈಯಲ್ಲಿ ಹೋಗುವುದಿಲ್ಲ.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವರ್ಷ ಯಾರದೋ ಮಾತು ಕೇಳಿ ಅರ್ಧ ಎಕರೆಯ ಕಲ್ಲನ್ನೆಲ್ಲ ಆರಿಸಿ, ಇಳಿಜಾರಿಗೆ ಉದ್ದುದ್ದ ಉಳುಮೆ ಮಾಡಿಸಿದೆ. ಚಿತ್ತೆ ಮಳೆ ಒಂದೇ ರಾತ್ರಿ ಬಂತು. ಬೆಳಗ್ಗೆ ಹೋದರೆ ಸಾಲುಗಳೆಲ್ಲ ಕಾಲುವೆಯಾಗಿದ್ದವು. ಕೆಲವು ಕಡೆ ಬಂಡೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಕಲ್ಲು ನೆಲಕ್ಕೆ ಕಂಬಳಿ ಇದ್ದ ಹಾಗೆ ಅಂತ ಪಕ್ಕದ ಹೊಲದ ಅಜ್ಜ ಮೊದಲೇ ಹೇಳಿದ್ದರು. ಮೇಲಿನ ಕಲ್ಲು ಮಳೆಹನಿಯ ಏಟು ತಡೆಯುತ್ತದೆ, ಕೆಳಗಿನ ತೇವ ಆರದಂತೆ ನೋಡಿಕೊಳ್ಳುತ್ತದೆ. ಆದ್ದರಿಂದ ಚಿಕ್ಕ ಕಲ್ಲು ಮುಟ್ಟಬೇಡಿ. ತೆಂಗಿನಕಾಯಿ ಗಾತ್ರಕ್ಕಿಂತ ದೊಡ್ಡದನ್ನು ಮಾತ್ರ ತೆಗೆಯಿರಿ. ಅದಕ್ಕೆ ಬೇರೆ ಕೆಲಸ ಇದೆ.

ಕಲ್ಲಿನ ಸಾಲು ಕಟ್ಟಿ

ಮಟ್ಟ ನೋಡಲು ಯಂತ್ರ ಬೇಡ. ಏಳಡಿಯ ಎರಡು ಬಿದಿರುಗಳ ತಲೆ ಸೇರಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಒಂದು ಅಡ್ಡ ಕೋಲು ಕಟ್ಟಿ. ತಲೆಯಿಂದ ದಾರಕ್ಕೆ ಒಂದು ಕಲ್ಲು ಇಳಿಬಿಡಿ. ಎರಡು ಕಾಲನ್ನೂ ನೆಲದಲ್ಲಿ ಊರಿ, ದಾರ ಅಡ್ಡ ಕೋಲನ್ನು ಮುಟ್ಟುವ ಕಡೆ ಗೀಟು ಹಾಕಿ. ಕಾಲು ಅದಲುಬದಲು ಮಾಡಿ ಅದೇ ಜಾಗದಲ್ಲಿ ಊರಿ, ಇನ್ನೊಂದು ಗೀಟು ಹಾಕಿ. ಎರಡರ ಸರಿಯಾದ ನಡುವೆ ಮೂರನೇ ಗೀಟು. ದಾರ ಆ ಗೀಟಿಗೆ ಬಂದಾಗ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಒಂದು ಕಾಲು ತಿರುಗಿಸಿ, ದಾರ ನೋಡಿ, ಗೂಟ ಹೊಡೆಯುತ್ತಾ ಹೋದರೆ ಗುಡ್ಡದ ಮೈಗೆ ಸುತ್ತಿದ ಸಮಮಟ್ಟದ ಗೆರೆ ಸಿಗುತ್ತದೆ.

ಆ ಗೆರೆ ಮೇಲೆ ನಾಲ್ಕು ಬೆರಳು ಆಳದ ತೋಡು ತೆಗೆದು, ದೊಡ್ಡ ಕಲ್ಲನ್ನು ಅರ್ಧ ಹೂತು, ಸಂದಿಗೆ ತೋಡಿನಲ್ಲೇ ಸಿಕ್ಕ ಚಿಕ್ಕದು ತುಂಬಿ ಒಂದಡಿ ಎತ್ತರಕ್ಕೆ ಕಟ್ಟಿ. ಗಾರೆ ಹಾಕಬೇಡಿ. ನೀರು ಸಂದಿಯಲ್ಲಿ ನುಸುಳಿ ಹೋಗಬೇಕು, ಮಣ್ಣು ಮಾತ್ರ ನಿಲ್ಲಬೇಕು. ಇಳಿಜಾರು ಕಡಿಮೆ ಇದ್ದರೆ 20 ಹೆಜ್ಜೆಗೆ ಒಂದು ಸಾಲು ಸಾಕು, ಜಾಸ್ತಿ ಇದ್ದರೆ ಹತ್ತಿರ ಹತ್ತಿರ ಬೇಕು. ಮೇಲಿನ ಸಾಲಿನಿಂದ ಶುರು ಮಾಡಿ ಕೆಳಗೆ ಬನ್ನಿ.

ಇದು ನಿಮ್ಮ ಜಮೀನಿನ ಮಾತು. ಗೋಮಾಳ ಸರ್ಕಾರದ್ದು. ನೂರು ದನಕ್ಕೆ 30 ಎಕರೆ ಮೇವಿನ ಜಾಗ ಬಿಡಬೇಕು ಅನ್ನುವ ನಿಯಮ ನಮ್ಮ ರಾಜ್ಯದಲ್ಲಿದೆ. ಅಲ್ಲಿ ಈ ಕೆಲಸ ಮಾಡುವುದಾದರೆ ಪಂಚಾಯಿತಿಯಲ್ಲಿ ಕೇಳಿ ಮಾಡಿ.

ಬೀಜ, ಮೇವು

ಉಳುವುದು ಬೇಡ. ಮುಂಗಾರಿನ ಮೊದಲ ಹದಕ್ಕೆ ಗುದ್ದಲಿಯಿಂದ ನೆಲ ಗೀಚಿದರೆ ಸಾಕು. ಅಂಜನ್ ಹುಲ್ಲಿನ ಬೀಜ ಹತ್ತಿಯ ಹಾಗೆ ಹಗುರ, ಹಸಿ ಮರಳಿನಲ್ಲಿ ಕಲಸಿ ಚೆಲ್ಲಿ. ಜೊತೆಗೆ ಸ್ಟೈಲೋ ಹಮಾಟ ಅನ್ನುವ ದ್ವಿದಳ ಮೇವಿನ ಬೀಜ ಎಕರೆಗೆ 2 ಕೆ.ಜಿ. ಅದರ ಸಿಪ್ಪೆ ಗಟ್ಟಿ. ಕುದಿ ಬರುವ ಮೊದಲಿನ, 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಇಟ್ಟು ತೆಗೆದು ಆರಿಸಿ. ಬೀಜ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು.

ಮೊದಲ ವರ್ಷ ಕುರಿ ಬಿಡಬೇಡಿ. ನಮ್ಮ ಬಂಡೂರು ಕುರಿಯಾಗಲಿ, ಯಾವ ಕುರಿಯಾಗಲಿ, ನೆಲಕ್ಕೆ ಬಾಯಿ ಹಚ್ಚಿ ಕಚ್ಚುತ್ತದೆ, ಎಳೆ ಗಿಡ ಬುಡಸಮೇತ ಬರುತ್ತದೆ. ಹುಲ್ಲು ಬೀಜ ಉದುರಿಸಿದ ಮೇಲೆ ಕುಯ್ದು ತಂದು ಕೊಟ್ಟಿಗೆಯಲ್ಲೇ ಹಾಕಿ. ಎರಡನೇ ವರ್ಷದಿಂದ ಹೊಲವನ್ನು ನಾಲ್ಕು ಪಾಲು ಮಾಡಿ. ಒಂದರಲ್ಲಿ ಮೇಯಿಸಿ, ಹುಲ್ಲು ನಾಲ್ಕು ಬೆರಳಿಗೆ ಇಳಿದ ಕೂಡಲೇ ಇನ್ನೊಂದಕ್ಕೆ ಹೊಡೆಯಿರಿ. ಮೇಯಿಸಿದ ಪಾಲಿಗೆ ಮಳೆಗಾಲದಲ್ಲಿ ಕನಿಷ್ಠ 30 ದಿನ ಬಿಡುವು ಬೇಕು. ಕೆಸರಿದ್ದಾಗ ಒಳಗೇ ಬಿಡಬೇಡಿ. ಗೊರಸು ತುಳಿದ ಜೇಡಿ ಒಣಗಿ ಇಟ್ಟಿಗೆಯಾಗುತ್ತದೆ.

ಪ್ರತಿ ಕಲ್ಲುಸಾಲಿನ ಮೇಲ್ಬದಿಗೆ ಗೀಟು ಹಾಕಿದ ಒಂದು ಕೋಲು ನೆಟ್ಟಿಡಿ. ಚಿತ್ತೆ ಮಳೆ ಕಳೆದ ಮೇಲೆ ನೋಡಿ. ನನ್ನ ಮೇಲಿನ ಸಾಲಿನ ಹಿಂದೆ ಮೊದಲ ವರ್ಷ ಎರಡು ಬೆರಳು ಮೆಕ್ಕಲು ನಿಂತಿತ್ತು. ನಾನು ಬೀಜವನ್ನೇ ಹಾಕದ ಆ ಮೆಕ್ಕಲಿನಲ್ಲಿ ಗರಿಕೆ ತಾನಾಗಿ ಬಂದಿತ್ತು.