ಗೋಮಾಳದ ಹಳ್ಳ ಸರಿಪಡಿಸುವುದು: ಅಳತೆ, ದನದ ದಾರಿ, ಕಲ್ಲು, ಹುಲ್ಲು

ಬಯಲುಸೀಮೆಯಲ್ಲಿ ಕೆಟ್ಟ ಹಳ್ಳವನ್ನು ಗುರುತಿಸುವುದು ಕಷ್ಟವಲ್ಲ. ದಡ ಗೋಡೆಯಂತೆ ನೆಟ್ಟಗೆ ಕುಸಿದಿರುತ್ತದೆ, ಹೊಂಗೆಯ ಬೇರು ಗಾಳಿಗೆ ತೂಗುತ್ತಿರುತ್ತದೆ, ಮಳೆ ಬಂದಾಗ ಕೆಂಪು ನೀರು ಭೋರೆಂದು ನುಗ್ಗಿ ಕೆಲವೇ ಗಂಟೆಗಳಲ್ಲಿ ಹಳ್ಳ ಒಣಗಿ ನಿಲ್ಲುತ್ತದೆ. ಇದನ್ನು ನೋಡಿದ ಕೂಡಲೇ ಜೆಸಿಬಿ ತರಿಸಿ ಹೂಳೆತ್ತುವುದು ವಾಡಿಕೆ. ಕೊರೆಯುತ್ತಿರುವ ಹಳ್ಳಕ್ಕೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ತಳ ಆಳವಾಗಿ ನೇರವಾದಷ್ಟೂ ನೀರಿನ ವೇಗ ಹೆಚ್ಚುತ್ತದೆ, ಅಕ್ಕಪಕ್ಕದ ಮಣ್ಣಿನಲ್ಲಿದ್ದ ತೇವವೂ ಆ ಆಳಕ್ಕೇ ಬಸಿದು ಹೋಗುತ್ತದೆ. ಕೆಲಸದ ಸರದಿ ಬೇರೆಯದೇ ಇದೆ: ಮೊದಲು ಅಳತೆ, ಆಮೇಲೆ ದನದ ದಾರಿ, ಆಮೇಲೆ ಮೇಲಿನ ಇಳಿಜಾರು. ಹಳ್ಳದ ತಳಕ್ಕೆ ಇಳಿಯುವುದು ಕಡೆಗೆ.

ಅದಕ್ಕೂ ಮುಂಚೆ ಕಾಗದದ ಕೆಲಸ ಒಂದಿದೆ. ಗೋಮಾಳ, ಅಂದರೆ ಊರ ದನ ಮೇಯಲು ಬಿಟ್ಟ ಜಾಗ, ಸರ್ಕಾರದ ಜಮೀನು. ಹಳ್ಳ ದಾಖಲೆಯಲ್ಲಿ ಸಾಮಾನ್ಯವಾಗಿ ‘ಬ’ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ಜಾಗ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮ 100 ದನಗಳಿಗೆ 12 ಹೆಕ್ಟೇರಿನಂತೆ ಹುಲ್ಲುಗಾವಲು ಕಾದಿರಿಸಬೇಕು ಎನ್ನುತ್ತದೆ. ಒತ್ತುವರಿಯ ಅನುಮಾನವಿದ್ದರೆ ಹದ್ದುಬಸ್ತು (ಸರ್ಕಾರಿ ಅಳತೆಯಿಂದ ಗಡಿ ಗುರುತು) ಮಾಡಿಸಿ, ಗ್ರಾಮ ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಕುರಿ ಕಾಯುವವರು ಕೂತು ಮಾತಾಡದ ಸಭೆಯ ನಿರ್ಣಯಕ್ಕೆ ಬೆಲೆ ಇಲ್ಲ. ಹಾಕಿದ ಬೇಲಿ ಉಳಿಯುವುದೂ ಕಿತ್ತುಹೋಗುವುದೂ ಅವರ ಕೈಯಲ್ಲಿದೆ.

ಕೆಲಸಕ್ಕೆ ಮೊದಲಿನ ಅಳತೆ

ಯುಗಾದಿ ಕಳೆದು ಮುಂಗಾರು ಹಿಡಿಯುವ ಮೊದಲು, ಹಳ್ಳ ಒಣಗಿರುವಾಗ ಅಳೆಯಿರಿ. ಸರಿಪಡಿಸುವ ಉದ್ದದಲ್ಲಿ ಕನಿಷ್ಠ ಐದು ಕಡೆ ಎರಡೂ ದಡದ ಮೇಲೆ, ಅಂಚಿನಿಂದ 6 ಅಡಿ ಹಿಂದಕ್ಕೆ, ಒಂದೊಂದು ಕಬ್ಬಿಣದ ಸರಳನ್ನು ಕಾಂಕ್ರೀಟಿನಲ್ಲಿ ಹೂಳಿ. ಸರಳಿನಿಂದ ಸರಳಿಗೆ ದಾರ ಬಿಗಿದು, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಮಾಡಿ. ದಾರದ ಉದ್ದಕ್ಕೂ ಪ್ರತಿ 50 ಸೆಂ.ಮೀ.ಗೆ ದಾರದಿಂದ ನೆಲದವರೆಗಿನ ಆಳ ಬರೆದುಕೊಳ್ಳಿ. ಮುಂದಿನ ವರ್ಷ ಅದೇ ಸರಳು, ಅದೇ ಅಂತರ. ಹಳ್ಳ ಇನ್ನೂ ಕೊರೆಯುತ್ತಿದೆಯೋ ತುಂಬಿಕೊಳ್ಳುತ್ತಿದೆಯೋ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ. ಸರಳಿನ ಪಕ್ಕ ನಿಂತು, ಒಂದೇ ದಿಕ್ಕಿಗೆ, ಅಳತೆಕೋಲು ಕಾಣುವಂತೆ ಫೋಟೊ ತೆಗೆದಿಡಿ. ಹತ್ತಿರದ ತೆರೆದ ಬಾವಿಯ ನೀರಿನ ಆಳವನ್ನೂ ತಿಂಗಳಿಗೊಮ್ಮೆ, ಪಂಪು ಹಾಕುವ ಮೊದಲು ಬೆಳಿಗ್ಗೆ ಬರೆಯಿರಿ. ಪಂಪು ನಿಲ್ಲಿಸಿದ ಮೇಲೆ ಅಳೆದ ಅಂಕಿ ಲೆಕ್ಕಕ್ಕೆ ಬಾರದು.

ದನದ ದಾರಿ

ಗೊರಸು ತುಳಿದ ದಡದಲ್ಲಿ ಏನು ನೆಟ್ಟರೂ ನಿಲ್ಲುವುದಿಲ್ಲ. ಹಾಗೆಂದು ದನಕ್ಕೆ ನೀರು ತಪ್ಪಿಸಿ ಬೇಲಿ ಹಾಕುವುದು ನ್ಯಾಯವೂ ಅಲ್ಲ, ನಡೆಯುವುದೂ ಇಲ್ಲ. ನೀರನ್ನು ಬೇರೆಡೆ ಕೊಟ್ಟು ಆಮೇಲೆ ಬೇಲಿಯ ಮಾತು. ಹಸುವಿಗೆ ದಿನಕ್ಕೆ 40–50 ಲೀಟರ್, ಬೇಸಿಗೆಯಲ್ಲಿ ಎಮ್ಮೆಗೆ ಇನ್ನೂ ಹೆಚ್ಚು, ಕುರಿಗೆ ಸುಮಾರು 5 ಲೀಟರ್ ಹಿಡಿಯಿರಿ. 100 ಹಸು, 200 ಕುರಿ ಇದ್ದರೆ ದಿನಕ್ಕೆ 6,000 ಲೀಟರ್ ಬೇಕಾಗುತ್ತದೆ. ಊರಲ್ಲಿ ದನ ನೀರು ಕುಡಿಯುವ ಹಳೆಯ ಗೋಕಟ್ಟೆ ಇದ್ದರೆ ಜೆಸಿಬಿಯನ್ನು ಅಲ್ಲಿಗೆ ಕಳಿಸಿ. ಹೂಳೆತ್ತಬೇಕಾದ ಜಾಗ ಅದು.

ಹಳ್ಳ ದಾಟಲು, ಕುಡಿಯಲು ಒಂದೆರಡು ಕಡೆ ಮಾತ್ರ ಇಳಿದಾರಿ ಬಿಡಿ. ಅಗಲ 12 ಅಡಿ, ಇಳಿಜಾರು 6 ಅಡಿಗೆ 1 ಅಡಿಗಿಂತ ಕಡಿದಾಗಬಾರದು. ಮೇಲೆ ಅರ್ಧ ಅಡಿ ಗರಸು ಹಾಸಿ ಅದರೊಳಗೆ ಚಪ್ಪಟೆ ಕಲ್ಲು ಬಿಗಿಯಾಗಿ ಕೂರಿಸಿ. ಹಳ್ಳ ತಿರುವು ತೆಗೆದುಕೊಳ್ಳುವಲ್ಲಿ, ಹೊರಮೈಯ ದಡದಲ್ಲಿ ಇಳಿದಾರಿ ಬೇಡ. ನೀರು ಬಂದು ಬಡಿಯುವುದೇ ಅಲ್ಲಿ.

ಉಳಿದ ದಡಕ್ಕೆ ಬೇಲಿಯಾಗಿ ಕಡಿದ ಬಳ್ಳಾರಿ ಜಾಲಿಯ ಮುಳ್ಳೇ ಸಾಕು, ಆದರೆ ಕಾಯಿ ಇಲ್ಲದ ಕೊಂಬೆಯಾಗಿರಲಿ. ಕುರಿ-ಮೇಕೆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಬುಡ ಬಗೆದು ಅರ್ಧ ಅಡಿಗೂ ಕೆಳಗೆ ಬೇರು ಕತ್ತರಿಸಬೇಕು. ದಡ ಹಿಡಿದು ನಿಂತಿರುವ ಜಾಲಿಯನ್ನು ಒಂದೇ ವರ್ಷದಲ್ಲಿ ಪೂರ್ತಿ ತೆಗೆಯಬೇಡಿ. ಪಕ್ಕದಲ್ಲಿ ಬೇರೆ ಗಿಡ ಬೇರೂರಿದ ಮೇಲೆ ತುಂಡುತುಂಡಾಗಿ ತೆಗೆಯಿರಿ.

ಮೇಲಿನ ಇಳಿಜಾರು, ಕೊರಕಲಿನ ತಲೆ

ಹುಲ್ಲು ಗಟ್ಟಿಯಾಗಿ ಹಿಡಿದಿರುವ ಇಳಿಜಾರಿನಲ್ಲಿ ಯಾವ ಕಂದಕವನ್ನೂ ತೋಡಬೇಡಿ. ಬೇರಿನ ಹೆಣಿಗೆ ಕಿತ್ತು ತೋಡಿದ ಕಂದಕ ನಾಲ್ಕು ಮಳೆಗೆ ಹೂಳು ತುಂಬಿಕೊಳ್ಳುತ್ತದೆ, ಹೋದ ಹುಲ್ಲು ಮಾತ್ರ ಬೇಗ ಬರುವುದಿಲ್ಲ. ಬೋಳಾದ ಜಾಗದಲ್ಲಷ್ಟೇ ಸಮಪಾತಳಿಗೆ (ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದ ಗೆರೆಯಗುಂಟ), 12 ಅಡಿ ಉದ್ದ, ಒಂದೂವರೆ ಅಡಿ ಅಗಲ-ಆಳದ ಬಿಡಿಬಿಡಿ ಗುಂಡಿ ತೋಡಿ ಮಣ್ಣನ್ನು ಕೆಳಬದಿಗೆ ಹಾಕಿ. ದನ ನಡೆದು ಕಾಲುವೆಯಾಗಿರುವ ಜಾಡಿಗೆ ಅಡ್ಡಲಾಗಿ ಓರೆ ಕಲ್ಲುಸಾಲು ಇಟ್ಟರೆ ನೀರು ಹುಲ್ಲಿನ ಕಡೆ ತಿರುಗುತ್ತದೆ. ತೀರಾ ಚಿಕ್ಕ ಕೆಲಸವಿದು, ಆದರೆ ಹಣಕ್ಕೆ ಹೋಲಿಸಿದರೆ ಇದರಷ್ಟು ಫಲ ಕೊಡುವುದು ಕಡಿಮೆ.

ಹಳ್ಳದ ಮೇಲ್ತುದಿಯಲ್ಲಿ ನೀರು ಮೆಟ್ಟಿಲಿನಂತೆ ಧುಮುಕುವ ಜಾಗವೇ ಕೊರಕಲಿನ ತಲೆ. ಪ್ರತಿ ಮಳೆಗೂ ಅದು ಗೋಮಾಳವನ್ನು ತಿನ್ನುತ್ತ ಮೇಲಕ್ಕೆ ಸರಿಯುತ್ತದೆ. ಅದನ್ನು ಹಾಗೇ ಬಿಟ್ಟು ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ಎಷ್ಟು ಕಲ್ಲಿನ ತಡೆ ಕಟ್ಟಿದರೂ ಹೂಳು ಬರುತ್ತಲೇ ಇರುತ್ತದೆ. ಮೆಟ್ಟಿಲನ್ನು ಕಡಿದು 3 ಅಡಿಗೆ 1 ಅಡಿಯಷ್ಟು ಇಳಿಜಾರು ಮಾಡಿ, 10 ಸೆಂ.ಮೀ. ಜಲ್ಲಿ-ಗರಸು ಹಾಸಿ, ಮೇಲೆ ದಪ್ಪ ಕಲ್ಲನ್ನು ಒಂದಕ್ಕೊಂದು ಕಚ್ಚುವಂತೆ ಜೋಡಿಸಿ. ಜಲ್ಲಿಯ ಪದರ ಬಿಟ್ಟರೆ ಕಲ್ಲಿನ ಸಂದಿಯಲ್ಲಿ ನುಗ್ಗುವ ನೀರು ಅಡಿಯ ಮಣ್ಣನ್ನು ಎಳೆದುಕೊಂಡು ಹೋಗಿ, ಎರಡನೇ ಮಳೆಗೇ ಕಲ್ಲು ಕುಸಿಯುತ್ತದೆ.

ಕಲ್ಲಿನ ತಡೆಗಳು

ಒಂದು ದೊಡ್ಡ ತಡೆಗಿಂತ ಸಣ್ಣ ಹತ್ತು ತಡೆ ಮೇಲು. ಮಂಡಿಯಷ್ಟು, ಅಂದರೆ 2 ಅಡಿ ಎತ್ತರ ಸಾಕು. 3 ಅಡಿ ದಾಟಿದರೆ ಸಿಮೆಂಟಿಲ್ಲದ ಕಲ್ಲು ತಡೆಯುವುದಿಲ್ಲ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಪಾದದ ಮಟ್ಟಕ್ಕೆ ಬರಬೇಕು. ಹಳ್ಳ 100 ಅಡಿಗೆ 5 ಅಡಿ ಇಳಿಯುತ್ತಿದ್ದರೆ 2 ಅಡಿಯ ತಡೆಗಳ ನಡುವೆ 40 ಅಡಿ, 4 ಅಡಿ ಇಳಿಯುತ್ತಿದ್ದರೆ 50 ಅಡಿ.

ತಳದಲ್ಲಿ 1 ಅಡಿ ಪಾಯ ತೆಗೆಯಿರಿ, ಎರಡೂ ದಡದೊಳಕ್ಕೆ ಒಂದೂವರೆ ಅಡಿ ಕೊರೆದು ಕಲ್ಲು ತುರುಕಿ. ನೆತ್ತಿಯ ಅಗಲ ಒಂದೂವರೆ ಅಡಿ. ನೀರು ಬರುವ ಬದಿಯ ಇಳಿಜಾರು 1 ಅಡಿ ಎತ್ತರಕ್ಕೆ 1 ಅಡಿ ಚಾಚು, ನೀರು ಇಳಿಯುವ ಬದಿ 1 ಅಡಿ ಎತ್ತರಕ್ಕೆ 2 ಅಡಿ ಚಾಚು. ನಡುಭಾಗ ಎರಡು ತುದಿಗಳಿಗಿಂತ 1 ಅಡಿ ತಗ್ಗಿರಲೇಬೇಕು. ಕೊಚ್ಚಿಹೋದ ತಡೆಗಳನ್ನು ಹೋಗಿ ನೋಡಿ: ಹೆಚ್ಚಿನವು ನಡುವೆ ಒಡೆದಿರುವುದಿಲ್ಲ, ನೀರು ತುದಿಯನ್ನು ಬಳಸಿ ಹೊಸ ದಾರಿ ಕೊರೆದಿರುತ್ತದೆ. ಮೇಲ್ಮೈಯನ್ನು ಸಮಮಟ್ಟ ಮಾಡಿದ್ದೇ ಅದಕ್ಕೆ ಕಾರಣ. ನೀರು ಬೀಳುವ ಕಡೆ ಎತ್ತರದ ಒಂದೂವರೆ ಪಟ್ಟು, ಅಂದರೆ 3 ಅಡಿ ಉದ್ದಕ್ಕೆ ಕಲ್ಲು ಹಾಸಿ.

10 ಅಡಿ ಅಗಲದ ಹಳ್ಳಕ್ಕೆ ಹೀಗೆ ಒಂದು ತಡೆಗೆ ಕಲ್ಲು 200 ಘನ ಅಡಿ ದಾಟುತ್ತದೆ, ಅಂದರೆ ಟ್ರ್ಯಾಕ್ಟರಿನಲ್ಲಿ ಎರಡು ಲೋಡು ಮತ್ತೂ ಸ್ವಲ್ಪ. ಹೊರಮೈಗೆ 15 ಕಿಲೋಗಿಂತ ಭಾರದ, ಮೂಲೆಯುಳ್ಳ ಕಾಡುಗಲ್ಲು ಬೇಕು, ಗುಂಡುಕಲ್ಲು ಉರುಳುತ್ತದೆ. ಗೋಮಾಳದ ಮೈಮೇಲಿನ ಕಲ್ಲು ಆರಿಸಿ ತರಬೇಡಿ, ಅಲ್ಲಿ ಮಣ್ಣು ನಿಂತಿರುವುದೇ ಆ ಕಲ್ಲುಗಳಿಂದ.

ನೆಡುವುದು

ಭೂಮಿ ಅರ್ಧ ಅಡಿ ನೆಂದ ಮೇಲೆ ಶುರು ಮಾಡಿ. ತಡೆಯ ಹಿಂದೆ ನಿಂತ ಹೂಳಿಗೆ ಅಡ್ಡಸಾಲಾಗಿ ಲಾವಂಚ: ಎಲೆ 20 ಸೆಂ.ಮೀ.ಗೆ ಕತ್ತರಿಸಿ, ಗೇಣಿಗಿಂತ ಕಡಿಮೆ, 10–15 ಸೆಂ.ಮೀ. ಅಂತರದಲ್ಲಿ. ಸಾಲಿನಲ್ಲಿ ಒಂದು ಬುಡ ಸತ್ತರೂ ನೀರು ಅಲ್ಲೇ ನುಗ್ಗುತ್ತದೆ, ತಿಂಗಳೊಳಗೆ ಖಾಲಿ ತುಂಬಿ. ದಡದ ಮೈಗೆ ಲಕ್ಕಿ ಗಿಡದ ಬೆರಳುದಪ್ಪದ ಕಡ್ಡಿ, 2 ಅಡಿ ಉದ್ದ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ. ಲಕ್ಕಿಯನ್ನೂ ಹೊಂಗೆಯನ್ನೂ ದನ ಅಷ್ಟಾಗಿ ಮುಟ್ಟುವುದಿಲ್ಲ. ದಡದ ಮೇಲೆ ಹೊಳೆಮತ್ತಿ, ಅತ್ತಿ, ನೇರಳೆ. ಇವಕ್ಕೆ ಎರಡು-ಮೂರು ಬೇಸಿಗೆ ಮುಳ್ಳುಬೇಲಿ ಬೇಕು. ಹಳ್ಳದ ನಡುವೆ ಮರ ನೆಡಬಾರದು, ನೀರು ಅದನ್ನು ಬಳಸಿ ದಡಕ್ಕೆ ತಿರುಗುತ್ತದೆ.

ಮಳೆ ನಿಂತ ಮೇಲೆ ನೋಡಬೇಕಾದ್ದು

ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ದೊಡ್ಡ ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದಾದ ಮೇಲೆ ಹಳ್ಳದಲ್ಲಿ ನೀರು ಎಷ್ಟು ದಿನ ಹರಿಯಿತು ಎಂಬುದೇ ಮುಖ್ಯ ಅಂಕಿ. ಸಣ್ಣ ಹರಿವನ್ನು ಅಳೆಯಲು ತಗಡಿನಲ್ಲಿ 90 ಡಿಗ್ರಿಯ ‘ವಿ’ ಆಕಾರ ಕತ್ತರಿಸಿ ಹಳ್ಳಕ್ಕೆ ಅಡ್ಡ ನಿಲ್ಲಿಸಿ. ಸುತ್ತ ಜೇಡಿಮಣ್ಣು, ಗೋಣಿಚೀಲದಿಂದ ಸೋರಿಕೆ ಮುಚ್ಚಿ. ಮೂರು ಅಡಿ ಹಿಂದೆ, ನೀರು ಶಾಂತವಾಗಿರುವಲ್ಲಿ, ‘ವಿ’ಯ ತಳಕ್ಕಿಂತ ನೀರು ಎಷ್ಟು ಮೇಲಿದೆ ಎಂದು ನೋಡಿ. 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂ.ಮೀ.ಗೆ 4.4, 15 ಸೆಂ.ಮೀ.ಗೆ 12 ಲೀಟರ್. ನೀರು ತಗಡಿನಿಂದ ಬಿಟ್ಟು ಕೆಳಗೆ ಬೀಳುತ್ತಿರಬೇಕು, ಕೆಳಗಿನ ನೀರು ಮೇಲೆದ್ದು ತಗಡು ಮುಟ್ಟಿದರೆ ಅಳತೆ ಸುಳ್ಳು.

ಮಳೆಯ ದಿನ ತುಂಬು ಹರಿವಿಗೆ ಯಾರೂ ಇಳಿಯಬೇಡಿ. ದಡದಿಂದಲೇ ಕೋಲಿಗೆ ಕಟ್ಟಿದ ಲೀಟರ್ ಬಾಟಲಿಯಲ್ಲಿ ಕೆಂಪು ನೀರು ಹಿಡಿದು, ಒಂದು ದಿನ ಅಲುಗಿಸದೆ ಇಟ್ಟು ತಳದ ಹೂಳನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಕೆಲಸ ಮಾಡಿದ ಜಾಗದ ಮೇಲೊಂದು, ಕೆಳಗೊಂದು ಬಾಟಲಿ ಇರಲಿ. ಒಂದೇ ಬಾಟಲಿ ಏನನ್ನೂ ಹೇಳದು.

ನೀರು ತಿಳಿಯಾದ ಮೇಲೆ ಹರಿವಿನ ಕಲ್ಲುಗಳನ್ನು ಎತ್ತಿ ಅಡಿ ನೋಡಿ. ಮೂರು ಬಾಲದೆಳೆಯ ಚಪ್ಪಟೆ ಮರಿಹುಳು, ಮರಳಿನ ಗೂಡು ಕಟ್ಟಿಕೊಂಡ ಹುಳು ಇದ್ದರೆ ನೀರಿನಲ್ಲಿ ಉಸಿರಿದೆ. ಕೆಸರಿನಲ್ಲಿ ರಕ್ತಗೆಂಪು ಹುಳು ಮಾತ್ರ ಸಿಕ್ಕರೆ ಸಗಣಿ, ಕೊಳಕು ಇನ್ನೂ ಸೇರುತ್ತಿದೆ, ಇಳಿದಾರಿಯತ್ತ ಹೋಗಿ ನೋಡಿ.

ತಡೆಯ ಹಿಂದೆ ಹೂಳು ತುಂಬಿತೆಂದು ಬಗೆದು ತೆಗೆಯುವವರಿದ್ದಾರೆ. ತೆಗೆಯಬೇಡಿ. ಹಳ್ಳದ ತಳ ಮೇಲೇರಲೆಂದೇ ಕಟ್ಟಿದ್ದು ಅದು. ಆ ಹೂಳಿನ ಮೇಲೆ ಹುಲ್ಲು ಪೂರ್ತಿ ಹಿಡಿದ ಮೇಲೆ ಬೇಕಿದ್ದರೆ ತಡೆಯನ್ನು ಇನ್ನೊಂದು ಅಡಿ ಏರಿಸಬಹುದು. ಮೊದಲ ಎರಡು ವರ್ಷ ಪ್ರತಿ ದೊಡ್ಡ ಮಳೆಯ ಮರುದಿನವೇ ಹಳ್ಳದ ಉದ್ದಕ್ಕೂ ನಡೆದು ನೋಡಿ. ತುದಿಯಲ್ಲಿ ಅಂಗೈಯಷ್ಟು ಸಂದಿ ಕಂಡರೆ ಅಂದೇ ಕಲ್ಲು ಬಿಗಿಯಿರಿ. ಮುಂದಿನ ಮಳೆಗೆ ಅದು ಆಳು ನುಸುಳುವಷ್ಟಾಗಿರುತ್ತದೆ.